ಬಾಗಿಲ ತೂತಿಗೆ ಬೆಂಕಿಕಡ್ಡಿ

ಮೊನ್ನೆ ಮಗನ ಮನೆಯಲ್ಲಿ ನಾಲ್ಕು ದಿನ ಇದ್ದೆ. ನಾನು ಮಲಗುವ ಕೋಣೆಯ ಬಾಗಿಲು ಎಳೆದರೆ ನೆಲ ಕೆರೆದುಕೊಂಡು ಬರುತ್ತಿತ್ತು, ತಳ್ಳಿದರೆ ಚೌಕಟ್ಟಿನೊಳಗೆ ಕೂರುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು ಮೇಲಿನ ಹಿಂಜು ನೋಡಿದೆ. ಮೂರು ಸ್ಕ್ರೂ ಇರಬೇಕಾದ ಜಾಗದಲ್ಲಿ ಒಂದೇ ಸ್ಕ್ರೂ, ಪಕ್ಕದಲ್ಲೊಂದು ಮೊಳೆ, ಮೂರನೆಯ ತೂತಿನಲ್ಲಿ ಕಲ್ಲಾಗಿ ಕೂತ ಎಪಾಕ್ಸಿ ಉಂಡೆ, ಅದೇ ಎರಡು ಬಣ್ಣದ ಮುದ್ದೆ ಸೇರಿಸಿ ನಾದಿ ಮೆತ್ತುವ ಅಂಟು. ಸಾಲದು ಅಂತ ಎಲ್ಲದರ ಮೇಲೊಂದು ಪ್ಯಾಕಿಂಗ್ ಟೇಪು. "ಏನೋ ಇದು ಅವತಾರ?" ಅಂದೆ. "ಟೆಂಪರರಿ ಅಮ್ಮಾ" ಅಂದ. ಯಾವಾಗಿನಿಂದ ಟೆಂಪರರಿ ಅಂತ ಸೊಸೆಯನ್ನು ಕೇಳಿದರೆ ಎರಡು ವರ್ಷವಾಯಿತಂತೆ.

ತಾತ್ಕಾಲಿಕ ರಿಪೇರಿ ಮಾಡಲೇಬಾರದು ಅಂತ ನಾನು ಹೇಳುವವಳಲ್ಲ. ರಾತ್ರಿ ಹನ್ನೊಂದು ಗಂಟೆಗೆ ಪೈಪು ಸೋರತೊಡಗಿದರೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿ, ಮೇಲೆ ತಂತಿ ಬಿಗಿದು, ಕೆಳಗೊಂದು ಬಕೆಟ್ ಇಟ್ಟು ಮಲಗಬೇಕಾಗುತ್ತದೆ. ನಾನೂ ಎಷ್ಟೋ ಸಲ ಮಾಡಿದ್ದೇನೆ. ಆದರೆ ಬೆಳಗಾದ ಮೇಲೆ ಅದು ನೆನಪಿರಬೇಕಲ್ಲ! ಅದಕ್ಕಿಂತ ಹೆಚ್ಚು ಸಿಟ್ಟು ಬರುವುದು ಕೈಗೆ ಸಿಕ್ಕಿದ್ದನ್ನು ತಂದು ಮೆತ್ತುವ ಈಗಿನವರ ಚಾಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಮರ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದರ ಜೊತೆ ಹಿಗ್ಗದ, ಕುಗ್ಗದ ಸಾಮಾನನ್ನು ಅದರೊಳಗೆ ತುರುಕಿದರೆ ಇಬ್ಬರೂ ಎಷ್ಟು ದಿನ ಹೊಂದಿಕೊಂಡಿರುತ್ತಾರೆ? ಆ ಎಪಾಕ್ಸಿ ಉಂಡೆಯನ್ನು ನಾನು ಉಗುರಿನಲ್ಲಿ ಮೀಟಿದೆ, ಸ್ಕ್ರೂವಿನ ಆಕಾರವನ್ನು ಹೊಟ್ಟೆಯಲ್ಲಿಟ್ಟುಕೊಂಡು ಹಲ್ಲು ಕಿತ್ತು ಬಂದ ಹಾಗೆ ಬಂತು. ಎಪಾಕ್ಸಿಯದೇನೂ ತಪ್ಪಿಲ್ಲ. ಒಣಗಿದ, ಎಣ್ಣೆಯಿಲ್ಲದ, ಸ್ವಲ್ಪ ಉಜ್ಜಿ ಒರಟು ಮಾಡಿದ ಕಬ್ಬಿಣದ ಪೈಪಿಗೆ ಅದನ್ನು ಮೆತ್ತಿ ನೋಡಿ, ವರ್ಷಗಟ್ಟಲೆ ಇರುತ್ತದೆ. ಎರಡೂ ಬಣ್ಣ ಹೋಗಿ ಒಂದೇ ಬಣ್ಣ ಬರುವವರೆಗೆ ನಾದಬೇಕು ಅಷ್ಟೆ. ಪಟ್ಟೆಪಟ್ಟೆ ಇರುವಾಗಲೇ ಮೆತ್ತಿದರೆ ಅಲ್ಲಲ್ಲಿ ಮೆತ್ತಗೇ ಉಳಿಯುತ್ತದೆ.

ಸೂಪರ್‌ಗ್ಲೂ ಅಂತೂ ಎಲ್ಲರ ಮನೆಯ ಡ್ರಾಯರಿನಲ್ಲೂ ಬಾಯಿ ಅಂಟಿಕೊಂಡು ಬಿದ್ದಿರುತ್ತದೆ. ಗೊಂಬೆಯ ಕೈ ಮುರಿದರೆ, ಪಿಂಗಾಣಿಯ ಅಲಂಕಾರದ ಸಾಮಾನು ಎರಡು ಹೋಳಾದರೆ ಅದು ಸರಿ. ಬೆಸೆದ ಜಾಗ ಗಾಜಿನ ಹಾಗೆ ಗಡುಸಾಗುತ್ತದೆ, ಆದ್ದರಿಂದ ಬಾಗುವ, ಅಲುಗಾಡುವ, ಪೆಟ್ಟು ತಿನ್ನುವ ಯಾವುದಕ್ಕೂ ಆಗುವುದಿಲ್ಲ. ಚಪ್ಪಲಿಯ ಅಟ್ಟೆಗೆ ಹಾಕುತ್ತೀರಿ, ನಾಲ್ಕು ಹೆಜ್ಜೆಗೆ ಬಿಡುತ್ತದೆ, ಮತ್ತೆ ಹಾಕುತ್ತೀರಿ. ಒಂದು ಎಚ್ಚರ: ಚೆಲ್ಲಿದ್ದನ್ನು ಹತ್ತಿಬಟ್ಟೆಯಲ್ಲಿ ಒರೆಸಬೇಡಿ. ಹತ್ತಿ ತಾಗಿದರೆ ಅದು ಸುಡುವಷ್ಟು ಬಿಸಿಯಾಗುತ್ತದೆ, ಮೊಮ್ಮಗನ ಬೆರಳಿಗೆ ಬೊಬ್ಬೆ ಬಂದಿದ್ದು ಹಾಗೇ. ಇನ್ನು ಪ್ಲಾಸ್ಟಿಕ್ ಬಕೆಟ್ ಸೀಳಿದರೆ ಯಾವ ಅಂಟೂ ಹಚ್ಚಬೇಡಿ. ಆ ಜಾತಿಯ ಪ್ಲಾಸ್ಟಿಕ್ಕಿಗೆ ಮನೆಯಲ್ಲಿರುವ ಯಾವ ಗಮ್ಮೂ ಹಿಡಿಯುವುದಿಲ್ಲ. ನಾವು ಹಳೇ ಚಮಚದ ಬೆನ್ನು ಕಾಯಿಸಿ, ಬಯಲಿನಲ್ಲಿ ಕೂತು, ಇನ್ನೊಂದು ಒಡೆದ ಬಕೆಟಿನ ಚೂರನ್ನು ಕರಗಿಸಿ ಬೆಸೆಯುತ್ತಿದ್ದೆವು. ಹೊಗೆ ಕೆಟ್ಟದ್ದು, ಮೂಗು ಆಚೆ ಇಟ್ಟುಕೊಂಡೇ ಮಾಡಬೇಕು.

ಬಾಗಿಲಿಗೆ ಬರುತ್ತೇನೆ. ಸ್ಕ್ರೂವಿನ ತೂತು ಸವೆದು ದೊಡ್ಡದಾದರೆ ಮೊಳೆ ಹೊಡೆಯುವುದು ಮೂರ್ಖತನ. ಬಾಗಿಲಿನ ಭಾರವೆಲ್ಲ ಮೇಲಿನ ಹಿಂಜನ್ನು ಚೌಕಟ್ಟಿನಿಂದ ಹೊರಕ್ಕೆ ಎಳೆಯುತ್ತಿರುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತಿರುತ್ತದೆ. ಮೊಳೆಯ ಮೈ ನುಣುಪು, ಎಳೆದ ಕಡೆ ಜಾರಿ ಬರುತ್ತದೆ. ಅದಕ್ಕೇ ಯಾವಾಗಲೂ ಮೊದಲು ಸಡಿಲವಾಗುವುದು ಮೇಲಿನದು.

ನಮ್ಮಪ್ಪನ ಹತ್ತಿರ ಒಂದು ತಗಡಿನ ಡಬ್ಬ ಇತ್ತು. ಅದರಲ್ಲಿ ಸ್ಕ್ರೂಗಳು ಒಂದು ಪೊಟ್ಟಣ, ವಾಷರುಗಳು ಒಂದು ದಾರದಲ್ಲಿ ಪೋಣಿಸಿದ್ದು, ತುಂಡು ಮೇಣದಬತ್ತಿ, ದಬ್ಬಳ, ಮತ್ತೆ ಸದಾ ಒಂದು ಬೆಂಕಿಪೊಟ್ಟಣ. ಅಪ್ಪ ಬೀಡಿ ಸೇದುವವರಲ್ಲ, ಅದು ಬಾಗಿಲಿಗೆ. ಅವರು ಕೆಲಸ ಮಾಡುವಾಗ ಬಾಗಿಲು ಹಿಡಿದು ನಿಲ್ಲುವುದು ನನ್ನ ಪಾಲಿಗೆ ಬರುತ್ತಿತ್ತು. ಕೈ ಸೋತು ಸ್ವಲ್ಪ ಅಲುಗಿದರೆ ಬೈಗುಳ. ಈಗ ನಾನು ಯಾರನ್ನೂ ಹಿಡಿಸುವುದಿಲ್ಲ, ಬಾಗಿಲು ತೆರೆದು ಅದರ ಅಡಿಗೆ ಬೆಣೆಯೋ ದಪ್ಪ ಪುಸ್ತಕವೋ ತೂರಿಸಿ, ಭಾರವೆಲ್ಲ ಅದರ ಮೇಲೆ ಕೂರುವ ಹಾಗೆ ಮಾಡುತ್ತೇನೆ. ಒಂದು ಹಿಂಜಿನ ಸ್ಕ್ರೂ ಮಾತ್ರ ಬಿಚ್ಚಬೇಕು. ಎಲ್ಲವನ್ನೂ ಬಿಚ್ಚಿ ಬಾಗಿಲನ್ನು ಮೈಮೇಲೆ ಹಾಕಿಕೊಂಡವರನ್ನು ನೋಡಿದ್ದೇನೆ.

ತೂತಿನೊಳಗಿನ ಹೊಟ್ಟು, ಹಳೇ ಅಂಟು ಎಲ್ಲ ದಬ್ಬಳದಲ್ಲಿ ಕೆರೆದು ಉಫ್ ಅಂತ ಊದಿ. ಊದುವಾಗ ಕಣ್ಣು ಮುಚ್ಚಿ. ಬೆಂಕಿಕಡ್ಡಿ ಮರದ್ದೇ ಆಗಬೇಕು, ಮೇಣದ ಕಾಗದ ಸುತ್ತಿದ ಕಡ್ಡಿ ಬರುತ್ತದಲ್ಲ, ಅದು ಬೇಡ, ಗಮ್ ಹಿಡಿಯುವುದಿಲ್ಲ. ಮರದ ಕಡ್ಡಿಗೂ ಮದ್ದಿನ ತುದಿಯ ಹತ್ತಿರ ಬೆಂಕಿ ಇಳಿಯಲಿ ಅಂತ ಮೇಣ ಕುಡಿಸಿರುತ್ತಾರೆ. ಅದಕ್ಕೆ ಬರೀ ಮದ್ದು ಕಿತ್ತರೆ ಸಾಲದು, ಕೆಳಗಿನ ಒಂದು ಬೆರಳಗಲವನ್ನೂ ಮುರಿದು ಬಿಸಾಡಿ. ಇದನ್ನು ಮಾಡದೆ "ನಿಮ್ಮ ಉಪಾಯ ನಿಲ್ಲಲಿಲ್ಲ" ಅಂತ ನನ್ನ ಹತ್ತಿರ ಬಂದವರು ಇದ್ದಾರೆ. ಉಳಿದ ಕಡ್ಡಿಯ ಒಂದು ತುದಿಯನ್ನು ಬ್ಲೇಡಿನಲ್ಲಿ ಸ್ವಲ್ಪ ಚೂಪು ಮಾಡಿ, ಮರಕ್ಕೆ ಹಾಕುವ ಬಿಳಿ ಗಮ್ಮಿನಲ್ಲಿ ಅದ್ದಿ. ಮೈಗೆಲ್ಲ ಹತ್ತಬೇಕು, ಆದರೆ ತೊಟ್ಟಿಕ್ಕಬಾರದು. ಒಂದೊಂದೇ ತೂರಿಸುತ್ತಾ ಹೋಗಿ. ಎಷ್ಟು ಕಡ್ಡಿ ಅಂತ ಕೇಳಬೇಡಿ, ತೂತು ಹೇಳುತ್ತದೆ. ಬೆರಳಲ್ಲಿ ಇನ್ನು ಹೋಗುವುದಿಲ್ಲ ಅನ್ನಿಸಿದ ಮೇಲೆ ಇನ್ನೊಂದನ್ನು ಸುತ್ತಿಗೆಯಲ್ಲಿ ಟಕಟಕ ಅಂತ ಮೆಲ್ಲಗೆ ಇಳಿಸಬೇಕು. ಆ ಕೊನೆಯ ಕಡ್ಡಿಯಲ್ಲೇ ಇರುವುದು ಎಲ್ಲ ಹಿಡಿತ. ಅದನ್ನು ಬಿಟ್ಟರೆ ಒಳಗಿನವು ಸಡಿಲ. ಬಿದಿರಿನ ಹಲ್ಲುಕಡ್ಡಿ ಹಾಕಬಹುದಾ ಅಂತ ಸೊಸೆ ಕೇಳಿದಳು. ಬೇರೇನೂ ಇಲ್ಲದಿದ್ದರೆ ಹಾಕಿ, ಆದರೆ ಅದು ಗಟ್ಟಿ, ಒತ್ತಿದರೆ ಅಮುಕುವುದಿಲ್ಲ. ಮೆತ್ತನೆಯ ಕಡ್ಡಿಯಾದರೆ ಪಕ್ಕದ್ದನ್ನು ಒತ್ತಿಕೊಂಡು ಸಂದು ತುಂಬಿಕೊಳ್ಳುತ್ತದೆ.

ಆಮೇಲೆ ಬಿಟ್ಟುಬಿಡಿ. ಇದೇ ನಿಮ್ಮಿಂದ ಆಗದ ಕೆಲಸ. ಸಂಜೆ ಹಾಕಿದರೆ ಮಾರನೆಯ ಸಂಜೆಯವರೆಗೆ ಮುಟ್ಟಕೂಡದು. ಅಪ್ಪ ಬಾಗಿಲಿಗೆ ಅಡ್ಡ ಕುರ್ಚಿ ಇಟ್ಟು ಮಲಗುತ್ತಿದ್ದರು, ಆದರೂ ನನ್ನ ತಮ್ಮ ರಾತ್ರಿ ಎದ್ದು ಒಣಗಿದೆಯಾ ಅಂತ ಬೆರಳು ಹಾಕಿ ನೋಡಿದ್ದ. ಬೆಳಿಗ್ಗೆ ಗಮ್ಮಿನ ಮೇಲೆ ಬೆರಳಿನ ಗುರುತು, ಅವನ ಕಿವಿಯ ಮೇಲೆ ಅಪ್ಪನ ಬೆರಳಿನ ಗುರುತು.

ಒಣಗಿದ ಮೇಲೆ ಹೊರಗೆ ಚಾಚಿದ ಕಡ್ಡಿಗಳನ್ನು ಬ್ಲೇಡಿನಲ್ಲಿ ಮಟ್ಟಸ ಕತ್ತರಿಸಿ. ನಡುಮಧ್ಯೆ ದಬ್ಬಳ ಒತ್ತಿ ಸಣ್ಣ ದಾರಿ ಮಾಡಿ, ಸ್ಕ್ರೂವಿಗಿಂತ ತೆಳ್ಳಗಿರಲಿ. ಇಲ್ಲದಿದ್ದರೆ ಸ್ಕ್ರೂ ಸೊಟ್ಟ ಹೋಗುತ್ತದೆ, ಅದರ ತಲೆ ಹಿಂಜಿನಲ್ಲಿ ಕೂರುವುದಿಲ್ಲ. ಸ್ಕ್ರೂವನ್ನು ಮೇಣದಬತ್ತಿಗೆ ತಿಕ್ಕಿ ಹಾಕಿ. ನಮ್ಮತ್ತೆ ಸೋಪಿಗೆ ತಿಕ್ಕುತ್ತಿದ್ದರು. ಅವರಿದ್ದಾಗ ಎದುರು ಮಾತಾಡಲಿಲ್ಲ, ಆದರೆ ಸೋಪು ತೇವ ಎಳೆಯುತ್ತದೆ, ಕಬ್ಬಿಣದ ಸ್ಕ್ರೂ ಅದರಿಂದಲೇ ತುಕ್ಕು ಹಿಡಿಯುತ್ತದೆ. ಅವರು ಹಾಕಿದ ಒಂದನ್ನು ಮುಂದೆ ನಾನು ಬಿಚ್ಚಲು ಹೋದಾಗ ತಲೆ ಕೈಗೆ ಬಂತು, ಮೈ ಒಳಗೇ ಉಳಿಯಿತು. ಬಾಯಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರಿನಿಂದ ಕೈಯಲ್ಲೇ ತಿರುಗಿಸಿ, ಬಿಗಿ ಬಂದ ಕೂಡಲೇ ನಿಲ್ಲಿಸಿ. ಆ ಗರ್ ಅನ್ನುವ ಮಿಷನ್ನು ಹಿಡಿದುಕೊಂಡು ಬರಬೇಡಿ. ಅರೆ ಕ್ಷಣ ಹೆಚ್ಚಾದರೆ ಕಟ್ಟಿದ್ದೆಲ್ಲ ಪುಡಿ. ಮೊದಲೇ ತೂತು ಚೆನ್ನಾಗಿರುವ ಕಡೆ ಸ್ಕ್ರೂ ವಾಪಸು ಹಾಕುವಾಗ ಮೊದಲು ಹಿಂದಕ್ಕೆ, ಎಡಕ್ಕೆ ತಿರುಗಿಸಿ. ಟಕ್ ಅಂತ ಹಳೇ ಜಾಡಿಗೆ ಬೀಳುವುದು ಕೈಗೆ ತಿಳಿಯುತ್ತದೆ, ಆಮೇಲೆ ಬಲಕ್ಕೆ.

ಮಗನ ಬಾಗಿಲು ಈಗ ಒಂದು ಬೆರಳಲ್ಲಿ ತಳ್ಳಿದರೆ ಮುಚ್ಚುತ್ತದೆ. ಆದರೆ ಅದರ ಬುಡ ಊದಿಕೊಂಡಿದೆ, ಅದಕ್ಕೆ ಕಾರಣ ನೆಲ ಒರೆಸುವ ರೀತಿ. ನೀರು ಸುರಿಯುವ ಬಟ್ಟೆಯನ್ನು ಹಿಂಡದೆ ಬಾಗಿಲ ಬುಡಕ್ಕೆ ತಳ್ಳುತ್ತಾರೆ. ಮರ ಅಡ್ಡ ಕತ್ತರಿಸಿದ ಕಡೆಯಿಂದಲೇ ನೀರು ಹೆಚ್ಚು ಕುಡಿಯುವುದು, ಬಾಗಿಲಿನ ಆ ಅಡಿಯಂಚಿಗೆ ಬಣ್ಣ ಬಳಿಯುವವರು ನೂರಕ್ಕೊಬ್ಬರು. ಬಟ್ಟೆ ಹಿಂಡಿ ಒರೆಸಿ ತಾಯಿ, ನೆಲ ಹೊಳೆಯುವುದು ನೀರಿನಿಂದಲ್ಲ. ಮಳೆಗಾಲದಲ್ಲಿ ಬಾಗಿಲು ಹಿಡಿಯಿತು ಅಂತ ಆಗಲೇ ಹತ್ತರಿ ಹಿಡಿಸಿದರೆ ಬೇಸಿಗೆಗೆ ಸಂದಿಯಲ್ಲಿ ಬೆಳಕು ಬರುತ್ತದೆ. ತಾಗುವ ಕಡೆ ಮೇಣ ಉಜ್ಜಿ ಕಾಯಿರಿ.

ಹಿಂಜು ಕಿರ್ ಅಂದರೆ ಅಡುಗೆ ಎಣ್ಣೆ ಬಿಡುವವರು ಇನ್ನೂ ಇದ್ದಾರೆ. ಅದು ನಾಲ್ಕು ದಿನ ಸುಮ್ಮನಿದ್ದು ಆಮೇಲೆ ಧೂಳು ಹಿಡಿದು ಜಿಡ್ಡಾಗುತ್ತದೆ. ಮಗ ಡಬ್ಲ್ಯುಡಿ-40 ಅನ್ನುವ ಸ್ಪ್ರೇ ಡಬ್ಬಿ ತೋರಿಸಿದ. ಅದು 1953ರಲ್ಲಿ ಲೋಹದ ಮೇಲಿನ ನೀರು ಓಡಿಸಿ ತುಕ್ಕು ತಡೆಯಲು ಮಾಡಿದ್ದು, ಹೆಸರಿನ ಅರ್ಥವೇ ಅದು, ನಲವತ್ತನೆಯ ಪ್ರಯತ್ನಕ್ಕೆ ಸರಿಬಂತಂತೆ. ತುಕ್ಕು ಬಿಡಿಸಲು ಹೊಡೆಯಿರಿ, ಒರೆಸಿ, ಆಮೇಲೆ ಹೊಲಿಗೆ ಮಿಷನ್ನಿನ ಎಣ್ಣೆ ಎರಡು ಹನಿ ಬಿಡಿ. ಬೀಗ ಬಿಗಿಯಾದರೆ ಎಣ್ಣೆಯೂ ಬೇಡ, ಬೀಗದ ಕೈಗೆ ಪೆನ್ಸಿಲಿನ ಸೀಸ ಚೆನ್ನಾಗಿ ಗೀಚಿ ಹತ್ತಿಪ್ಪತ್ತು ಸಲ ತಿರುಗಿಸಿ.

ಗೋಡೆಯ ಬಿರುಕಿನ ವಿಷಯ ಎರಡೇ ಮಾತು. ಬಚ್ಚಲಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಡ, ನೀರು ಬಿದ್ದರೆ ಮೆತ್ತಗಾಗಿ ಉದುರುತ್ತದೆ, ಅಲ್ಲಿಗೆ ಸಿಮೆಂಟೇ ಸರಿ. ಅದನ್ನೂ ಬಿರುಕನ್ನು ಸ್ವಲ್ಪ ಅಗಲಿಸಿ, ಧೂಳು ತೆಗೆದು, ಅಂಚು ನೆನೆಸಿ ತುಂಬಿ, ಇಲ್ಲದಿದ್ದರೆ ಒಣಗೋಡೆ ಅದರ ನೀರನ್ನೆಲ್ಲ ಹೀರಿಬಿಡುತ್ತದೆ. ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಗೆರೆ ದಾಟಿ ಬೆಳೆಯುತ್ತಿದ್ದರೆ ಮೆತ್ತುವುದನ್ನು ಬಿಟ್ಟು ತಿಳಿದವರನ್ನು ಕರೆಸಿ.

ಗ್ಯಾಸಿನ ಟ್ಯೂಬು, ಕರೆಂಟಿನ ವಯರು ಎರಡಕ್ಕೂ ತಾತ್ಕಾಲಿಕ ಅನ್ನುವುದೇ ಇಲ್ಲ. ಸೀಳಿದ್ದನ್ನು ಬದಲಾಯಿಸಿ. ನಮ್ಮ ಮನೆಯಲ್ಲೇ ಒಬ್ಬರು ಫ್ಯೂಸು ಪದೇಪದೇ ಹೋಗುತ್ತದೆ ಅಂತ ದಪ್ಪ ತಾಮ್ರದ ತಂತಿ ಕಟ್ಟಿ ಹೆಮ್ಮೆಪಟ್ಟಿದ್ದರು. ಫ್ಯೂಸು ಕರಗಬೇಕು ಅಂತಲೇ ತೆಳ್ಳಗಿರುವುದು. ಅದು ಕರಗಲಿಲ್ಲ, ಗೋಡೆಯೊಳಗಿನ ವಯರು ಕರಗಿ ವಾಸನೆ ಬಂತು.

ಹೊರಡುವ ದಿನ ನೋಡುತ್ತೇನೆ, ಅಡುಗೆಮನೆಯ ನಲ್ಲಿಯ ಮೂತಿಗೆ ಟೆಫ್ಲಾನ್ ಟೇಪು ಸುತ್ತಿದ್ದಾನೆ ಮಹಾರಾಯ, ಮೂತಿಯಿಂದ ನೀರು ತೊಟ್ಟಿಕ್ಕುತ್ತದೆ ಅಂತ! ಆ ಟೇಪು ನಲ್ಲಿ ಗೋಡೆಗೆ ಸೇರುವ ಥ್ರೆಡ್ಡಿಗೆ. ತುದಿಯ ಮೊದಲ ಸುತ್ತು ಬಿಟ್ಟು, ನಲ್ಲಿ ತಿರುಗಿಸಿ ಬಿಗಿ ಮಾಡುವ ದಿಕ್ಕಿನಲ್ಲೇ ಎಳೆದೆಳೆದು ಸುತ್ತಬೇಕು, ವಿರುದ್ಧ ಸುತ್ತಿದರೆ ಬಿಗಿ ಮಾಡುತ್ತಿದ್ದಂತೆ ಬಿಚ್ಚಿಕೊಂಡು ಬರುತ್ತದೆ. ಮೂತಿಯಲ್ಲಿ ತೊಟ್ಟಿಕ್ಕಿದರೆ ಅದು ಒಳಗಿನ ವಾಷರು ಸವೆದಿದ್ದು. ಹಳೇ ಕಾಲದ ತಿರುಗಿಸುವ ನಲ್ಲಿಯಾದರೆ ಮೇನ್ ವಾಲ್ವ್ ಮುಚ್ಚಿ ಬಿಚ್ಚಿ, ವಾಷರನ್ನು ಮಗುಚಿ ಹಾಕಿದರೆ ಒಂದೆರಡು ವಾರ ನಡೆಯುತ್ತದೆ. ಹವಾಯಿ ಚಪ್ಪಲಿಯಿಂದ ಕತ್ತರಿಸಿ ನಾನೂ ಹಾಕಿದ್ದೇನೆ, ಬಿಸಿನೀರಿನ ನಲ್ಲಿಗೆ ಮಾತ್ರ ಬೇಡ, ಮೆತ್ತಗಾಗಿ ಕೂತುಬಿಡುತ್ತದೆ. ಅಂಗಡಿಗೆ ಹೋಗುವಾಗ ಹಳೆಯ ವಾಷರನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ. "ಇಷ್ಟಿತ್ತು" ಅಂತ ಬೆರಳಲ್ಲಿ ತೋರಿಸಿ ತಂದ ಮೂರು ವಾಷರುಗಳು ಅವನ ಡ್ರಾಯರಿನಲ್ಲಿ ಹಾಗೇ ಬಿದ್ದಿದ್ದವು, ಒಂದೂ ಕೂರಲಿಲ್ಲ.