ಹಾಡಿನ ಜೊತೆಗೇ ಓಡುವ ಲಿರಿಕ್ಸ್: ನಿಮ್ಮ ಸ್ವಂತ ಸಂಗ್ರಹಕ್ಕೆ ಸೇರಿಸೋದು ಹೇಗೆ

ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಹಾಡು ಓಡಿದ ಹಾಗೆ ಸಾಲುಗಳೂ ಓಡುತ್ತವೆ. ಅದಕ್ಕೆ ಒಗ್ಗಿಕೊಂಡ ಮೇಲೆ, ವರ್ಷಗಟ್ಟಲೆ ಕೂಡಿಟ್ಟ ನಮ್ಮದೇ ಹಾಡುಗಳನ್ನು ಹಾಕಿ ಬರೀ ಆಲ್ಬಂ ಚಿತ್ರ ನೋಡುತ್ತಾ ಕೂರುವುದು ಬೇಜಾರು, ಅಲ್ವಾ? ಒಳ್ಳೆಯ ಸುದ್ದಿ ಏನಂದ್ರೆ, ಇದನ್ನು ನಾವೇ ಮಾಡಿಕೊಳ್ಳಬಹುದು. ದುಡ್ಡು ಬೇಕಿಲ್ಲ. ತಾಳ್ಮೆ ಸ್ವಲ್ಪ ಬೇಕು.

ಇದರ ಹಿಂದೆ ಇರುವುದು ಒಂದು ಸಾದಾ ಟೆಕ್ಸ್ಟ್ ಫೈಲ್, ಅಷ್ಟೇ. ಹೆಸರು ಎಲ್‌ಆರ್‌ಸಿ. 1990ರ ದಶಕದ ಕೊನೆಯಿಂದಲೂ ಇದೆ, ಇವತ್ತಿಗೂ ಹೆಚ್ಚು ಕಡಿಮೆ ಎಲ್ಲಾ ಒಳ್ಳೆಯ ಪ್ಲೇಯರ್‌ಗಳೂ ಇದನ್ನು ಓದುತ್ತವೆ. ಒಳಗೆ ಹೀಗಿರುತ್ತದೆ:

[00:18.40] ಇಳಿಸಂಜೆ ಬಂದು ಬಾಗಿಲು ತಟ್ಟಿತು
[00:23.15] ದೀಪ ಹಚ್ಚಲು ಮರೆತೆ ನಾನು
[00:28.60]
[00:46.02] ಇಳಿಸಂಜೆ ಬಂದು ಬಾಗಿಲು ತಟ್ಟಿತು

(ಸಾಲು ನಾನೇ ಹೊಸೆದದ್ದು, ಹಾಡು ಹುಡುಕಲು ಹೋಗಬೇಡಿ.) ಮೊದಲು ನಿಮಿಷ, ಆಮೇಲೆ ಸೆಕೆಂಡ್, ಚುಕ್ಕಿಯ ನಂತರ ಸೆಕೆಂಡಿನ ನೂರನೇ ಒಂದು ಭಾಗ. ಹಾಡು 18.40 ಸೆಕೆಂಡಿಗೆ ಬಂದಾಗ ಮೊದಲ ಸಾಲು ಬೆಳಗುತ್ತದೆ. ಮೂರನೆಯದರಲ್ಲಿ ಬರೀ ಸಮಯ ಇದೆ, ಮಾತಿಲ್ಲ. ಅದು ತಪ್ಪಲ್ಲ, ಬೇಕಂತಲೇ ಹಾಕಿದ್ದು. ಅಲ್ಲಿಂದ ಹದಿನೇಳು ಸೆಕೆಂಡ್ ಬರೀ ವಾದ್ಯ. ಆ ಖಾಲಿ ಸಾಲು ಇಲ್ಲದಿದ್ದರೆ ಕೊಳಲು ಮುಗಿಯುವ ತನಕ 'ದೀಪ ಹಚ್ಚಲು ಮರೆತೆ' ಅಂತಲೇ ಪರದೆ ಮೇಲೆ ನಿಂತಿರುತ್ತದೆ.

ಈ ಫೈಲನ್ನು ಹಾಡು ಇರುವ ಫೋಲ್ಡರ್‌ನಲ್ಲೇ, ಹಾಡಿನದ್ದೇ ಹೆಸರು ಕೊಟ್ಟು ಇಡಬೇಕು. ಕೊನೆಯ ಎಕ್ಸ್‌ಟೆನ್ಶನ್ (ಹೆಸರಿನಲ್ಲಿ ಚುಕ್ಕಿಯ ನಂತರ ಬರುವ ಅಕ್ಷರಗಳು) ಮಾತ್ರ ಎಂಪಿ3 ಅಥವಾ ಫ್ಲಾಕ್ ಬದಲು ಎಲ್‌ಆರ್‌ಸಿ. ಒಂದು ಸ್ಪೇಸ್ ಹೆಚ್ಚು ಕಡಿಮೆ ಆದರೂ ಪ್ಲೇಯರ್ ಗುರುತು ಹಿಡಿಯುವುದಿಲ್ಲ. ವಿಂಡೋಸ್‌ನಲ್ಲಿ ಇನ್ನೊಂದು ಕಿತಾಪತಿ ಇದೆ. ಎಕ್ಸ್‌ಟೆನ್ಶನ್ ಮರೆಯಾಗಿರುವ ಕಾರಣ ನೀವು ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡಿದ್ದರ ಹಿಂದೆ ನಿಮಗೆ ಕಾಣದ ಹಾಗೆ ಟಿಎಕ್ಸ್‌ಟಿ ಅಂತ ಅಂಟಿಕೊಂಡಿರುತ್ತದೆ. ಎಲ್ಲಾ ಸರಿಯಿದೆ ಆದರೂ ಲಿರಿಕ್ಸ್ ಬರ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಎಕ್ಸ್‌ಟೆನ್ಶನ್ ತೋರಿಸುವ ಆಯ್ಕೆ ಆನ್ ಮಾಡಿ ನೋಡಿ.

ಈಗ ಲಿರಿಕ್ಸ್ ಎಲ್ಲಿಂದ ತರುವುದು? ಎಲ್ಲವನ್ನೂ ಕೈಯಲ್ಲೇ ಬರೆಯಬೇಕಿಲ್ಲ. ಎಲ್‌ಆರ್‌ಸಿಲಿಬ್ ಅಂತ ಒಂದು ಉಚಿತ ಭಂಡಾರ ಇದೆ, ಜನರೇ ಸೇರಿಸಿ ಬೆಳೆಸಿದ್ದು. ಅದರಿಂದ ಇಡೀ ಸಂಗ್ರಹಕ್ಕೆ ಒಂದೇ ಏಟಿಗೆ ಲಿರಿಕ್ಸ್ ಇಳಿಸಲು ಎಲ್‌ಆರ್‌ಸಿಗೆಟ್ ಅನ್ನುವ ಸಾಫ್ಟ್‌ವೇರ್ ಇದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಹಾಡುಗಳ ಫೋಲ್ಡರ್ ತೋರಿಸಿದರೆ ಒಂದೊಂದೇ ಹುಡುಕಿ, ಸಿಕ್ಕಿದ್ದನ್ನು ಪಕ್ಕದಲ್ಲೇ ಇಟ್ಟುಕೊಂಡು ಹೋಗುತ್ತದೆ.

ಆದರೆ ತಕ್ಷಣ ಅದನ್ನು ಓಡಿಸಬೇಡಿ. ನಾನು ಮಾಡಿದ್ದು ಅದೇ ತಪ್ಪು. ಸಂಜೆ ಸಾಫ್ಟ್‌ವೇರ್ ಹಾಕಿ, ಸಾವಿರಾರು ಹಾಡಿನ ಫೋಲ್ಡರ್ ತೋರಿಸಿ ಮಲಗಿದೆ. ಬೆಳಗ್ಗೆ ನೋಡಿದರೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಕಾರಣ ನನ್ನ ಟ್ಯಾಗ್‌ಗಳು, ಅಂದರೆ ಹಾಡಿನ ಫೈಲಿನ ಒಳಗೇ ಬರೆದಿರುವ ಹೆಸರು, ಗಾಯಕರು ಇತ್ಯಾದಿ ವಿವರಗಳು. ಗಾಯಕರ ಹೆಸರು ಇರಬೇಕಾದ ಜಾಗದಲ್ಲಿ ಯಾವುದೋ ಡೌನ್‌ಲೋಡ್ ಸೈಟಿನ ಹೆಸರು, ಆಲ್ಬಂ ಜಾಗದಲ್ಲಿ ಏನೂ ಇಲ್ಲ, ಹಾಡಿನ ಹೆಸರಿನ ಹಿಂದೆ 320 ಕೆಬಿಪಿಎಸ್ ಅಂತ ಬಾಲ. ಹುಡುಕಾಟ ನಡೆಯುವುದೇ ಹೆಸರು, ಗಾಯಕ, ಆಲ್ಬಂ, ಹಾಡಿನ ಉದ್ದ ಈ ನಾಲ್ಕರ ಮೇಲೆ. ಹಾಗಾಗಿ ಮೊದಲು ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್ ಅಥವಾ ಎಂಪಿ3ಟ್ಯಾಗ್ ಹಾಕಿಕೊಂಡು ಟ್ಯಾಗ್ ತೊಳೆಯಿರಿ. ಬೋರಿಂಗ್ ಕೆಲಸ, ಗೊತ್ತು. ಒಂದು ಸಲ ಮಾಡಿದರೆ ಮುಗೀತು.

ಆ ನಾಲ್ಕರಲ್ಲಿ ಜನ ಗಮನಿಸದೇ ಬಿಡುವುದು ಉದ್ದವನ್ನು. ನಿಜಕ್ಕೂ ಮುಖ್ಯ ಅದೇ. ಒಂದೇ ಹಾಡು ಸಿನಿಮಾದಲ್ಲಿ ಒಂದು ಥರ, ಆಲ್ಬಂನಲ್ಲಿ ಒಂದು ಥರ, ಹಳೆಯ ಕ್ಯಾಸೆಟ್‌ನಿಂದ ಇಳಿಸಿಕೊಂಡಿದ್ದು ಇನ್ನೊಂದು ಥರ ಇರುತ್ತದೆ. ಒಂದರಲ್ಲಿ ಶುರುವಿಗೆ ಅರ್ಧ ನಿಮಿಷ ಮಾತಿದ್ದರೆ ಇನ್ನೊಂದರಲ್ಲಿ ಅದನ್ನು ಕತ್ತರಿಸಿರುತ್ತಾರೆ, ಕ್ಯಾಸೆಟ್ ಪ್ಲೇಯರ್ ಸ್ವಲ್ಪ ಜೋರಾಗಿ ತಿರುಗಿದ್ದರೆ ಹಾಡು ಪೂರ್ತಿ ಕೆಲವು ಸೆಕೆಂಡ್ ಮೊದಲೇ ಮುಗಿದಿರುತ್ತದೆ. ಕಿವಿಗೆ ಎಲ್ಲಾ ಒಂದೇ ಹಾಡು. ಎಲ್‌ಆರ್‌ಸಿ ಫೈಲಿಗೆ ಮಾತ್ರ ಬೇರೆ ಬೇರೆ. ಉದ್ದ ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಆ ಲಿರಿಕ್ಸ್ ನಿಮ್ಮ ಫೈಲಿಗೆ ಹೊಂದುವುದಿಲ್ಲ ಅಂತಲೇ ತಿಳಿದುಕೊಳ್ಳಿ.

ಹೊಂದದೇ ಇದ್ದಾಗ ಏನು ಮಾಡಬೇಕು ಅನ್ನುವುದು ಎಡವಟ್ಟು ಎಂಥದ್ದು ಅನ್ನುವುದರ ಮೇಲಿದೆ. ಮೊದಲ ಸಾಲೂ ಕೊನೆಯ ಸಾಲೂ ಒಂದೇ ಅಳತೆಯಲ್ಲಿ ಹಿಂದೆ ಮುಂದೆ ಇದ್ದರೆ ಸುಲಭ. ಫೈಲಿನ ತಲೆಯಲ್ಲಿ ಚೌಕ ಆವರಣದೊಳಗೆ ಇಂಗ್ಲಿಷಿನಲ್ಲಿ ಆಫ್‌ಸೆಟ್ ಅಂತ ಬರೆದು, ಕೋಲನ್ ಹಾಕಿ, ಮಿಲಿಸೆಕೆಂಡ್ ಲೆಕ್ಕದಲ್ಲಿ ಸಂಖ್ಯೆ ಕೊಡಿ. +500 ಅಂದರೆ ಸಾಲುಗಳೆಲ್ಲ ಅರ್ಧ ಸೆಕೆಂಡ್ ಮುಂಚೆ ಬರಬೇಕು. 'ಬರಬೇಕು' ಅಂತ ಯಾಕೆ ಹೇಳಿದೆ ಅಂದ್ರೆ ಕೆಲವು ಪ್ಲೇಯರ್‌ಗಳು ಇದನ್ನು ಉಲ್ಟಾ ಓದುತ್ತವೆ, ಕೆಲವು ಕಣ್ಣೆತ್ತಿಯೂ ನೋಡುವುದಿಲ್ಲ. ಅದರ ಬದಲು ಎಲ್ಲಾ ಸಮಯಗಳನ್ನೂ ಎಡಿಟರ್‌ನಲ್ಲಿ ಒಟ್ಟಿಗೆ ಸರಿಸಿ ಸೇವ್ ಮಾಡುವುದೇ ವಾಸಿ. ಮೊದಲ ಸಾಲು ಸರಿಯಿದ್ದು ಬರಬರುತ್ತಾ ದೂರ ಆಗುತ್ತಿದ್ದರೆ ಅದು ವೇಗದ ವ್ಯತ್ಯಾಸ, ಅಥವಾ ಬೇರೆಯದೇ ರೆಕಾರ್ಡಿಂಗ್. ಆಗ ಸರಿಸಿ ಪ್ರಯೋಜನ ಇಲ್ಲ, ಹೊಸದಾಗಿ ಮಾಡಿ.

ಕೈಯಾರೆ ಮಾಡುವುದು ಅಂದುಕೊಂಡಷ್ಟು ಕಷ್ಟ ಅಲ್ಲ. ಎಲ್‌ಆರ್‌ಸಿಗೆಟ್ ಒಳಗೇ ಎಡಿಟರ್ ಇದೆ. ಮೊದಲು ಹಾಡಿನ ಸಾಲುಗಳನ್ನು ಸಮಯ ಇಲ್ಲದೆ ಬರೀ ಮಾತಾಗಿ ಹಾಕಿ. ಸಾಲು ಒಡೆಯುವಾಗ ಪುಸ್ತಕದಲ್ಲಿ ಇರುವ ಹಾಗಲ್ಲ, ಹಾಡುವವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಒಡೆಯಿರಿ. ಪಲ್ಲವಿ ಎಷ್ಟು ಸಲ ಬರುತ್ತದೋ ಅಷ್ಟು ಸಲವೂ ಪೂರ್ತಿ ಬರೆಯಿರಿ. ಒಂದೇ ಸಾಲಿಗೆ ಎರಡು ಮೂರು ಸಮಯ ಅಂಟಿಸುವ ಅಡ್ಡದಾರಿ ಇದೆ ನಿಜ, ಆದರೆ ಎಲ್ಲಾ ಪ್ಲೇಯರ್‌ಗಳಿಗೂ ಅದು ಅರ್ಥವಾಗುವುದಿಲ್ಲ. ಆಮೇಲೆ ಹಾಡು ಹಾಕಿ, ಪ್ರತಿ ಸಾಲು ಶುರುವಾದಾಗ ಗುಂಡಿ ಒತ್ತುತ್ತಾ ಹೋಗಿ. ಐದು ನಿಮಿಷದ ಹಾಡಿಗೆ ಶುರುವಿನಲ್ಲಿ ನನಗೆ ಅರ್ಧ ಗಂಟೆ ಹಿಡಿಯುತ್ತಿತ್ತು, ಈಗ ಹಾಡು ಒಂದೂವರೆ ಸಲ ಕೇಳುವಷ್ಟರಲ್ಲಿ ಮುಗಿಯುತ್ತದೆ.

ಒಂದು ಮಾತು ಮಾತ್ರ ನೆನಪಿಡಿ: ನಮ್ಮ ಬೆರಳು ಯಾವಾಗಲೂ ಕಿವಿಗಿಂತ ಹಿಂದೆ. ಕೇಳಿಸಿದ ಮೇಲೆ ಒತ್ತಿದರೆ ತಡ ಆಗಿಯೇ ಆಗುತ್ತದೆ. ಮುಗಿದ ಮೇಲೆ ಎಲ್ಲಾ ಸಾಲುಗಳನ್ನೂ ಸುಮಾರು 0.2 ಸೆಕೆಂಡ್ ಹಿಂದಕ್ಕೆ ಸರಿಸಿ, ಅಂದರೆ 18.40 ಇದ್ದದ್ದು 18.20. ಸಾಲು ಹಾಡಿಗಿಂತ ಚೂರು ಮೊದಲೇ ಬಂದರೆ ಜೊತೆಗೆ ಹಾಡಲು ಅನುಕೂಲ. ತಡವಾಗಿ ಬಂದರೆ ಮೈಯೆಲ್ಲ ಉರಿಯುತ್ತದೆ. ಮತ್ತೆ ಈ ಕೆಲಸಕ್ಕೆ ಬ್ಲೂಟೂತ್ ಬೇಡ. ಅದರಲ್ಲಿ ಶಬ್ದವೇ ತಡವಾಗಿ ಕಿವಿಗೆ ಬರುತ್ತದೆ, ಲೆಕ್ಕವೆಲ್ಲ ಕೆಡುತ್ತದೆ. ವೈರ್ ಇರುವ ಹೆಡ್‌ಫೋನ್ ಹಾಕಿಕೊಳ್ಳಿ.

ಕನ್ನಡ ಹಾಡುಗಳಿಗೆ ಇನ್ನೊಂದು ತಾಪತ್ರಯ ಇದೆ, ಅಕ್ಷರದ್ದು. ಫೈಲನ್ನು ಯುಟಿಎಫ್-8 (ಎಲ್ಲಾ ಭಾಷೆಯ ಅಕ್ಷರಗಳನ್ನೂ ಹಿಡಿದಿಡುವ ಎನ್‌ಕೋಡಿಂಗ್) ಆಗಿಯೇ ಸೇವ್ ಮಾಡಬೇಕು. ಹಳೆಯ ಎನ್‌ಕೋಡಿಂಗ್ ಆದ ಆನ್ಸಿ ಆಗಿ ಸೇವ್ ಮಾಡಿದರೆ ಕನ್ನಡ ಪೂರ್ತಿ ಮಾಯವಾಗಿ ಪ್ರಶ್ನೆ ಚಿಹ್ನೆಗಳ ಸಾಲು ಉಳಿಯುತ್ತದೆ, ಮುಚ್ಚಿದ ಮೇಲೆ ವಾಪಸ್ ತರಲೂ ಆಗುವುದಿಲ್ಲ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ಸಾಹಿತ್ಯ ನಿಮ್ಮ ಹತ್ತಿರ ಇದ್ದರೆ ಅದನ್ನು ಸುಮ್ನೆ ಕಾಪಿ ಪೇಸ್ಟ್ ಮಾಡಬೇಡಿ. ಆ ಫಾಂಟ್ ಇಲ್ಲದ ಜಾಗದಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಇಳಿಸಿಕೊಂಡ ಲಿರಿಕ್ಸ್ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವಾಗಿದ್ದರೆ ಸಮಯವನ್ನು ಹಾಗೇ ಇಟ್ಟು ಮಾತನ್ನು ಮಾತ್ರ ಕನ್ನಡಕ್ಕೆ ತಿದ್ದಿ. ಅರ್ಧ ಕೆಲಸ ಉಳಿಯಿತು.

ಲಿರಿಕ್ಸನ್ನು ಪಕ್ಕದ ಫೈಲಾಗಿ ಇಡದೆ ಹಾಡಿನ ಒಳಗೇ ತುಂಬಬಹುದಲ್ಲ ಅಂತ ಕೇಳಬಹುದು. ತುಂಬಬಹುದು. ಎಂಪಿ3 ಟ್ಯಾಗ್‌ನಲ್ಲಿ ಸಮಯ ಸಹಿತ ಸಾಹಿತ್ಯಕ್ಕೆ ಅಂತಲೇ ಎಸ್‌ವೈಎಲ್‌ಟಿ ಅನ್ನುವ ಜಾಗ ಇದೆ, ಆದರೆ ಅದನ್ನು ಓದುವ ಪ್ಲೇಯರ್‌ಗಳು ಕಮ್ಮಿ. ಹಾಗಾಗಿ ಬಹಳ ಜನ ಎಲ್‌ಆರ್‌ಸಿಯ ಮಾತನ್ನೇ ಮಾಮೂಲಿ ಲಿರಿಕ್ಸ್ ಟ್ಯಾಗ್‌ಗೆ ತುರುಕುತ್ತಾರೆ, ಅನೇಕ ಪ್ಲೇಯರ್‌ಗಳು ಗುರುತಿಸುತ್ತವೆ ಕೂಡ. ಫೈಲ್ ಎಲ್ಲಿಗೆ ಹೋದರೂ ಲಿರಿಕ್ಸ್ ಜೊತೆಗೇ ಹೋಗುವುದು ಇದರ ಲಾಭ. ನನಗೆ ಪಕ್ಕದ ಫೈಲೇ ಇಷ್ಟ. ಒಂದು ಅಕ್ಷರ ತಿದ್ದಲು ಹಾಡಿನ ಫೈಲನ್ನೇ ಮುಟ್ಟಬೇಕಿಲ್ಲ, ಬ್ಯಾಕಪ್ ಕೂಡ ಹಗುರ.

ಕೇಳುವುದಕ್ಕೆ ಕಂಪ್ಯೂಟರ್‌ನಲ್ಲಿ ಮ್ಯೂಸಿಕ್‌ಬೀ ಇದೆ, ಫೂಬಾರ್2000 ಇದ್ದರೆ ಓಪನ್‌ಲಿರಿಕ್ಸ್ ಅನ್ನುವ ಸೇರ್ಪಡೆ ಹಾಕಿಕೊಳ್ಳಬೇಕು. ಮನೆಯಲ್ಲೇ ಸರ್ವರ್ ನಡೆಸುವವರಿಗೆ ಜೆಲ್ಲಿಫಿನ್‌ನಲ್ಲಿ 2024ರ 10.9 ಆವೃತ್ತಿಯಿಂದ ಲಿರಿಕ್ಸ್ ಬರುತ್ತದೆ. ಫೋನಿನಲ್ಲಿ ಪವರ್ಆಂಪ್, ಮ್ಯೂಸಿಕೋಲೆಟ್ ಎರಡೂ ಎಲ್‌ಆರ್‌ಸಿ ಓದುತ್ತವೆ. ಹೊಸ ಆಂಡ್ರಾಯ್ಡ್‌ನಲ್ಲಿ ಹಾಡು ಕೇಳುತ್ತದೆ, ಲಿರಿಕ್ಸ್ ಮಾತ್ರ ಕಾಣುವುದಿಲ್ಲ ಅಂದ್ರೆ ಆ್ಯಪ್‌ಗೆ ಸಿಕ್ಕಿರುವುದು ಬರೀ ಆಡಿಯೋ ಅನುಮತಿ ಅಂತ ಅರ್ಥ. ಎಲ್‌ಆರ್‌ಸಿ ಆಡಿಯೋ ಅಲ್ಲವಲ್ಲ. ಆ್ಯಪ್ ಸೆಟ್ಟಿಂಗ್ಸ್‌ಗೆ ಹೋಗಿ ಹಾಡಿನ ಫೋಲ್ಡರ್ ಪೂರ್ತಿ ತೋರಿಸಿಕೊಟ್ಟು, ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ.