ಮನೆಯಲ್ಲಿ ಬಿಟ್‌ಕಾಯಿನ್ ಮೈನಿಂಗ್ ಯಂತ್ರ: ಹೆಸ್ಕಾಂ ಸೀಮೆಯ ಹವ್ಯಾಸಿಗಳಿಗೊಂದು ಕೈಪಿಡಿ

ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣವನ್ನು ಗಳಿಸುವ ಮೈನಿಂಗ್ ಯಂತ್ರ ಕೊಳ್ಳುವ ಆಸೆಯುಳ್ಳವರು ಮೊದಲು ಮನೆಯ ವಿದ್ಯುತ್ ಬಿಲ್ಲನ್ನು ಎದುರಿಗಿಟ್ಟುಕೊಂಡು ಕೂರಬೇಕು. ಅದರಲ್ಲಿ ಮೂರು ಸಂಗತಿಗಳನ್ನು ಗುರುತು ಹಾಕಿಕೊಳ್ಳಬೇಕು: ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್, ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಕೆಯಾಗುತ್ತಿದೆ, ಗೃಹಜ್ಯೋತಿಯಲ್ಲಿ ಉಚಿತವಾಗಿ ಸಿಗುವ ಯೂನಿಟ್ ಎಷ್ಟು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲೆಗಳಿಗೆ ಕರೆಂಟು ಬರುವುದು ಹೆಸ್ಕಾಂನಿಂದಲೇ. ಹುಕ್ಕೇರಿ ಕಡೆಯವರಿಗೆ ಮಾತ್ರ ಅಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರ ಸಂಘದಿಂದ ಬರುತ್ತದೆ. ಹೀಗಾಗಿ ಖರ್ಚಿನ ಲೆಕ್ಕ ಮೂರೂ ಕಡೆ ಬಹುಮಟ್ಟಿಗೆ ಒಂದೇ ಆಗಿದ್ದು, ಬಿಸಿಲು, ಧೂಳು ಮತ್ತು ಮಳೆ ಮಾತ್ರ ಊರಿಂದ ಊರಿಗೆ ಬದಲಾಗುತ್ತವೆ.

ಯಂತ್ರ ಮಾಡುವ ಕೆಲಸವನ್ನು ಚುಟುಕಾಗಿ ಹೇಳುವುದಾದರೆ, ಎಸ್‌ಎಚ್‌ಎ-256 ಎಂಬ ಗಣಿತ ಕ್ರಿಯೆಯನ್ನು ಬೇರೆ ಬೇರೆ ಸಂಖ್ಯೆಗಳ ಮೇಲೆ ಎಡೆಬಿಡದೆ ನಡೆಸುತ್ತ, ಬಿಟ್‌ಕಾಯಿನ್ ನಡೆಸುವ ಕಂಪ್ಯೂಟರ್‌ಗಳ ಜಾಲವು ನಿಗದಿ ಮಾಡಿದ ಮಿತಿಗಿಂತ ಚಿಕ್ಕದಾದ ಉತ್ತರ ಸಿಗುವವರೆಗೂ ಹುಡುಕುವುದು. ಸಿಕ್ಕವರು ಬಿಟ್‌ಕಾಯಿನ್ ವಹಿವಾಟುಗಳ ದಾಖಲೆಗೆ ಒಂದು ಬ್ಲಾಕ್, ಅಂದರೆ ಹೊಸ ಪುಟ, ಸೇರಿಸುತ್ತಾರೆ, ಬಹುಮಾನ ಪಡೆಯುತ್ತಾರೆ. ಸರಾಸರಿ 10 ನಿಮಿಷಕ್ಕೊಂದು ಬ್ಲಾಕ್ ಬರುವಂತೆ ಜಾಲವು ಪ್ರತಿ 2016 ಬ್ಲಾಕುಗಳಿಗೊಮ್ಮೆ ತನ್ನ ಕಠಿಣತೆಯನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. 2009ರಲ್ಲಿ 50 ಬಿಟ್‌ಕಾಯಿನ್ ಇದ್ದ ಬಹುಮಾನ ನಾಲ್ಕು ಬಾರಿ ಅರ್ಧವಾಗುತ್ತ ಬಂದು, 2024ರ ಏಪ್ರಿಲ್‌ನಿಂದ 3.125ಕ್ಕೆ ಇಳಿದಿದೆ. ಆರಂಭದಲ್ಲಿ ಮನೆಯ ಸಾಮಾನ್ಯ ಕಂಪ್ಯೂಟರ್ ಸಾಕಾಗಿತ್ತು, ಆಮೇಲೆ ಗ್ರಾಫಿಕ್ಸ್ ಕಾರ್ಡುಗಳು ಬಂದವು, 2013ರಿಂದೀಚೆಗೆ ಇದೊಂದೇ ಕೆಲಸಕ್ಕಾಗಿ ತಯಾರಾದ ಎಎಸ್‌ಐಸಿ ಚಿಪ್ಪುಗಳದ್ದೇ ಆಟ. ಇವತ್ತು ಲ್ಯಾಪ್‌ಟಾಪಿನಲ್ಲಿ ಬಿಟ್‌ಕಾಯಿನ್ ಮೈನಿಂಗ್ ಮಾಡಲು ಹೊರಡುವುದು ವ್ಯರ್ಥ ಶ್ರಮ.

ಗಳಿಕೆಯ ಲೆಕ್ಕವನ್ನು ಪ್ರತಿಯೊಬ್ಬರೂ ಒಮ್ಮೆ ಕೈಯಾರೆ ಮಾಡಿ ನೋಡಬೇಕು. 2025ರಲ್ಲಿ ಇಡೀ ಜಾಲದ ವೇಗ ಸೆಕೆಂಡಿಗೆ ಸುಮಾರು 100 ಕೋಟಿ ಟೆರಾಹ್ಯಾಶ್ ಮುಟ್ಟಿತು (ಒಂದು ಟೆರಾಹ್ಯಾಶ್ ಎಂದರೆ ಮೇಲಿನ ಗಣಿತ ಕ್ರಿಯೆ ಒಂದು ಲಕ್ಷ ಕೋಟಿ ಬಾರಿ). ದಿನಕ್ಕೆ ಸುಮಾರು 144 ಬ್ಲಾಕುಗಳಂತೆ ಹಂಚಿಕೆಯಾಗುವುದು 450 ಬಿಟ್‌ಕಾಯಿನ್. ಒಂದು ಬಿಟ್‌ಕಾಯಿನ್‌ನ ಹತ್ತು ಕೋಟಿಯ ಒಂದು ಭಾಗಕ್ಕೆ ಸತೋಶಿ ಎನ್ನುತ್ತಾರೆ; ಈ ಭಾಗಾಕಾರದಂತೆ ಒಂದು ಟೆರಾಹ್ಯಾಶ್ ವೇಗಕ್ಕೆ ದಿನವೊಂದಕ್ಕೆ ಬರುವ ಪಾಲು 45 ಸತೋಶಿ. ಬಿಟ್‌ಕಾಯಿನ್ ಬೆಲೆಯನ್ನು ಉದಾಹರಣೆಗೆ 80 ಲಕ್ಷ ರೂಪಾಯಿ ಎಂದು ಹಿಡಿದರೆ ಒಂದು ಸತೋಶಿಗೆ 8 ಪೈಸೆ. ವಿದ್ಯುತ್ತಿಗೆ ಯೂನಿಟ್ಟಿಗೆ 7 ರೂಪಾಯಿ ಎಂದಿಟ್ಟುಕೊಳ್ಳೋಣ.

ಈಗ ಯಂತ್ರಗಳನ್ನು ಈ ತಕ್ಕಡಿಯಲ್ಲಿ ತೂಗಬಹುದು. ಸೆಕೆಂಡ್ ಹ್ಯಾಂಡ್ ಆಗಿ ಅಗ್ಗಕ್ಕೆ ಸಿಗುವ, 2016ರಲ್ಲಿ ಮಾರುಕಟ್ಟೆಗೆ ಬಂದ ಆಂಟ್‌ಮೈನರ್ ಎಸ್9 ಯಂತ್ರದ ವೇಗ ಸುಮಾರು 13.5 ಟೆರಾಹ್ಯಾಶ್, ಅದು ಎಳೆಯುವ ವಿದ್ಯುತ್ ಸುಮಾರು 1,350 ವ್ಯಾಟ್. ದಿನದ ಗಳಿಕೆ 49 ರೂಪಾಯಿಯ ಆಸುಪಾಸು. ಉರಿಯುವುದು 32.4 ಯೂನಿಟ್, ಅಂದರೆ ಸುಮಾರು 227 ರೂಪಾಯಿ. ಹೊಸ ತಲೆಮಾರಿನ ಎಸ್21 ಯಂತ್ರ 200 ಟೆರಾಹ್ಯಾಶ್ ವೇಗಕ್ಕೆ 3,500 ವ್ಯಾಟ್ ತೆಗೆದುಕೊಳ್ಳುತ್ತದೆ. ಗಳಿಕೆ 720 ರೂಪಾಯಿ, ಕರೆಂಟಿಗೆ 588 ರೂಪಾಯಿ. ಲಾಭವಿದೆ ಎಂದು ಸಂತೋಷಪಡುವ ಮೊದಲು ತೆರಿಗೆಯನ್ನು ಲೆಕ್ಕಕ್ಕೆ ಸೇರಿಸಬೇಕು. 2022ರ ಹಣಕಾಸು ಕಾಯ್ದೆಯಂತೆ ಬಿಟ್‌ಕಾಯಿನ್‌ನಂಥ ಕ್ರಿಪ್ಟೋ ಮಾರಿ ಬಂದ ಆದಾಯಕ್ಕೆ ಶೇ. 30ರಷ್ಟು ತೆರಿಗೆಯಿದ್ದು, ಅದರಲ್ಲಿ ಕಳೆಯಬಹುದಾದದ್ದು ಕೊಂಡ ಬೆಲೆಯನ್ನು ಮಾತ್ರ. ಮೈನಿಂಗ್‌ಗೆ ಹಾಕಿದ ಮೂಲಸೌಕರ್ಯದ ಖರ್ಚನ್ನು ಕೊಂಡ ಬೆಲೆಯೆಂದು ಪರಿಗಣಿಸುವುದಿಲ್ಲ ಎಂದು ಕೇಂದ್ರ ಸರ್ಕಾರ ಅದೇ ವರ್ಷ ಸಂಸತ್ತಿನಲ್ಲಿ ಸ್ಪಷ್ಟಪಡಿಸಿತು. ಆದ್ದರಿಂದ 720 ರೂಪಾಯಿಯ ಮೇಲೆ ಪೂರ್ತಿಯಾಗಿ 216 ರೂಪಾಯಿ ತೆರಿಗೆ ಬಿದ್ದು, ಒಟ್ಟು ವೆಚ್ಚ 804 ರೂಪಾಯಿ ಆಗುತ್ತದೆ. ಯಂತ್ರದ ಬೆಲೆಯನ್ನು ಇನ್ನೂ ಸೇರಿಸಿಲ್ಲ. ಬಿಟ್‌ಕಾಯಿನ್ ಬೆಲೆಯೂ ಜಾಲದ ವೇಗವೂ ದಿನದಿನಕ್ಕೆ ಬದಲಾಗುವುದರಿಂದ ಕೊಳ್ಳುವ ದಿನದ ಅಂಕಿಗಳನ್ನು ಹಾಕಿ ಇದೇ ಲೆಕ್ಕವನ್ನು ಮತ್ತೆ ಮಾಡಿ ನೋಡಿ. ಆದರೂ ನನ್ನ ಖಚಿತ ಅಭಿಪ್ರಾಯವಿಷ್ಟು: ನಮ್ಮ ಭಾಗದಲ್ಲಿ ಮನೆಯ ಮೀಟರಿನ ಮೇಲೆ ಗಳಿಕೆಗಾಗಿ ದೊಡ್ಡ ಯಂತ್ರ ಹಾಕಬಾರದು, ಕಲಿಯುವುದಕ್ಕಾಗಿ ಚಿಕ್ಕ ಯಂತ್ರ ಧಾರಾಳವಾಗಿ ಹಾಕಬಹುದು.

ಆ ಚಿಕ್ಕ ಯಂತ್ರವೆಂದರೆ ಬಿಟ್‌ಆಕ್ಸ್. ಇದರ ನಕ್ಷೆ, ಬಿಡಿಭಾಗಗಳ ಪಟ್ಟಿ, ಒಳಗಿನ ತಂತ್ರಾಂಶ ಎಲ್ಲವೂ ಮುಕ್ತವಾಗಿ ಲಭ್ಯವಿವೆ. ಅಂಗೈ ಅಗಲದ ಒಂದು ಬೋರ್ಡ್, ಅದರ ಮೇಲೆ ದೊಡ್ಡ ಯಂತ್ರಗಳಲ್ಲಿ ನೂರಾರು ಸಂಖ್ಯೆಯಲ್ಲಿರುವ ಚಿಪ್ಪುಗಳಲ್ಲಿ ಒಂದೇ ಒಂದು, ನಿಯಂತ್ರಣಕ್ಕೆ ಇಎಸ್‌ಪಿ32 ಮಾದರಿಯ ಚಿಪ್ಪು, ಮೇಲೊಂದು ಫ್ಯಾನು. ಗಾಮಾ ಎಂಬ ಮಾದರಿಯಲ್ಲಿ ಬಿಎಂ1370 ಚಿಪ್ಪಿದ್ದು, ಸುಮಾರು 1.2 ಟೆರಾಹ್ಯಾಶ್ ವೇಗ ಕೊಡುತ್ತದೆ. ಅಡಾಪ್ಟರಿನ ನಷ್ಟವನ್ನೂ ಸೇರಿಸಿ 20 ವ್ಯಾಟ್ ಎಂದುಕೊಂಡರೆ ದಿನಕ್ಕೆ ಅರ್ಧ ಯೂನಿಟ್, ತಿಂಗಳಿಗೆ 15 ಯೂನಿಟ್ಟಿನೊಳಗೆ ಮುಗಿಯುತ್ತದೆ. ಒಬ್ಬರೇ ಬ್ಲಾಕ್ ಹುಡುಕುವ ಸೋಲೋ ಮೈನಿಂಗ್‌ನಲ್ಲಿ ಇಂತಹ ಯಂತ್ರಕ್ಕೆ ಬ್ಲಾಕ್ ಸಿಗುವ ಸಂಭವ, ಮೇಲಿನ ಜಾಲವೇಗದಲ್ಲಿ, ಸರಾಸರಿ 16,000 ವರ್ಷಕ್ಕೊಮ್ಮೆ. ಇದನ್ನು ತಿಳಿದೇ ಕೊಳ್ಳಬೇಕು. ಆದರೆ ಜಾಲಕ್ಕೆ ಸೇರುವುದು, ಪೂಲ್‌ನೊಂದಿಗೆ (ಹಲವರ ಯಂತ್ರಗಳಿಗೆ ಕೆಲಸ ಹಂಚುವ ಸರ್ವರ್) ಮಾತಾಡುವುದು, ವೋಲ್ಟೇಜ್ ಮತ್ತು ಫ್ರೀಕ್ವೆನ್ಸಿಯನ್ನು ಹದಗೊಳಿಸುವುದು, ಶಾಖದ ಜೊತೆ ಗುದ್ದಾಡುವುದು, ದೊಡ್ಡ ಯಂತ್ರದಲ್ಲಿ ಕಲಿಯಬೇಕಾದ ಎಲ್ಲವನ್ನೂ ಇದು ಮೇಜಿನ ಮೇಲೆಯೇ ಕಲಿಸುತ್ತದೆ.

ಇಲ್ಲಿ ಗೃಹಜ್ಯೋತಿಯ ನಿಯಮವನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. 2022–23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ನಿಮ್ಮ ಉಚಿತ ಮಿತಿಯನ್ನು ಕಟ್ಟಲಾಗಿದೆ. ತಿಂಗಳಿಗೆ 48 ಯೂನಿಟ್ಟಿಗಿಂತ ಕಡಿಮೆ ಬಳಸುತ್ತಿದ್ದವರಿಗೆ ಆಮೇಲೆ ಇದನ್ನು 10 ಯೂನಿಟ್ ಹೆಚ್ಚುವರಿ ಎಂದು ಬದಲಿಸಿದರು. ನಿಮ್ಮ ಮಿತಿ ದಾಟಿ 200 ಯೂನಿಟ್ಟಿನೊಳಗಿದ್ದರೆ ಹೆಚ್ಚುವರಿಗಷ್ಟೇ ಹಣ. 200 ದಾಟಿದರೆ ಆ ತಿಂಗಳ ಇಡೀ ಬಿಲ್ಲು ನಿಮ್ಮ ಮೇಲೆ. ಈಗಾಗಲೇ 190 ಯೂನಿಟ್ ಬಳಸುವ ಮನೆಯಲ್ಲಿ 15 ಯೂನಿಟ್ಟಿನ ಬಿಟ್‌ಆಕ್ಸ್ ಇಡುವುದೆಂದರೆ ಬಹಳ ದುಬಾರಿ ಹವ್ಯಾಸವಾಗುತ್ತದೆ. ಅಂಥವರು ರಾತ್ರಿ ಮಾತ್ರ ಓಡಿಸುವುದು ಮೇಲು. ಬೇಸಿಗೆಯಲ್ಲಿ ಯಂತ್ರಕ್ಕೂ ಅದೇ ಹಿತ.

ಮೊದಲ ಯಂತ್ರವನ್ನು ಜೋಡಿಸಿದ್ದನ್ನೇ ಕೊಳ್ಳಿ. ಸ್ವತಃ ಕಟ್ಟುವುದು ಸಾಧ್ಯ, ಆದರೆ ಮೈನಿಂಗ್ ಚಿಪ್ಪಿನ ಕಾಲುಗಳು ಅದರ ಅಡಿಯಲ್ಲಿ ಇರುವುದರಿಂದ ಸಾಮಾನ್ಯ ಸೋಲ್ಡರಿಂಗ್ ಕಡ್ಡಿಯಿಂದ ಆ ಕೆಲಸ ಆಗದು. ಸ್ಟೆನ್ಸಿಲ್, ಸೋಲ್ಡರ್ ಪೇಸ್ಟ್, ಬಿಸಿಗಾಳಿ ಯಂತ್ರ ಅಥವಾ ಹಾಟ್‌ಪ್ಲೇಟ್ ಬೇಕು. ಬಾಗಲಕೋಟೆ, ವಿಜಯಪುರ, ಬೆಳಗಾವಿಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವವರಿಗೆ ಇದೊಂದು ಒಳ್ಳೆಯ ಪ್ರಾಜೆಕ್ಟ್ ಆಗಬಲ್ಲದು, ಮೊಬೈಲ್ ಬೋರ್ಡ್ ರಿಪೇರಿಯಲ್ಲಿ ಪಳಗಿದವರ ನೆರವೂ ಸಿಗುತ್ತದೆ. ಕೊಳ್ಳುವಾಗ ಮಾದರಿಯ ಹೆಸರು, ಚಿಪ್ಪಿನ ಸಂಖ್ಯೆ, ಹಿಂತಿರುಗಿಸುವ ಷರತ್ತುಗಳನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಹೊರದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕ ಸೇರಿಸಿಯೇ ಬೆಲೆ ಹೋಲಿಸಿ. ಅಡಾಪ್ಟರ್ ವಿಷಯದಲ್ಲಿ ಅತಿ ಎಚ್ಚರ ಬೇಕು. ಗಾಮಾ ಬೋರ್ಡಿಗೆ ಬೇಕಾದದ್ದು 5 ವೋಲ್ಟ್, 6 ಆಂಪಿಯರ್ ಅಡಾಪ್ಟರ್. ಅದೇ ಅಳತೆಯ ಪಿನ್ ಇರುವ ರೂಟರಿನ 12 ವೋಲ್ಟ್ ಅಡಾಪ್ಟರನ್ನು ಚುಚ್ಚಿದರೆ ಬೋರ್ಡ್ ಸುಟ್ಟುಹೋಗುತ್ತದೆ.

ಚಾಲೂ ಮಾಡುವ ಮೊದಲು ಬಿಟ್‌ಕಾಯಿನ್ ಇಟ್ಟುಕೊಳ್ಳುವ ಆ್ಯಪ್, ಅಂದರೆ ವ್ಯಾಲೆಟ್ ಬೇಕು. ಮೊಬೈಲಿನಲ್ಲಿ ನಂಬಲರ್ಹ ಬಿಟ್‌ಕಾಯಿನ್ ವ್ಯಾಲೆಟ್ ಹಾಕಿಕೊಂಡು, ಅದು ತೋರಿಸುವ 12 ಅಥವಾ 24 ಪದಗಳನ್ನು (ನಿಮ್ಮ ಹಣದ ಕೀಲಿ ಇವೇ) ಕಾಗದದ ಮೇಲೆ ಬರೆದು ಭದ್ರವಾಗಿಡಿ. ಫೋಟೋ ತೆಗೆಯಬೇಡಿ, ಯಾರು ಕೇಳಿದರೂ ಹೇಳಬೇಡಿ. ಆಮೇಲೆ ಬೋರ್ಡಿಗೆ ಕರೆಂಟ್ ಕೊಟ್ಟರೆ ಅದು ತನ್ನದೇ ವೈಫೈ ಹೆಸರನ್ನು ಬಿತ್ತರಿಸುತ್ತದೆ. ಫೋನನ್ನು ಅದಕ್ಕೆ ಜೋಡಿಸಿ ಬ್ರೌಸರ್‌ನಲ್ಲಿ 192.168.4.1 ಎಂದು ತೆರೆದು, ಮನೆಯ ವೈಫೈ ವಿವರ, ಪೂಲ್‌ನ ವಿಳಾಸ ಮತ್ತು ಪೋರ್ಟ್, ಬಳಕೆದಾರನ ಹೆಸರಿನ ಜಾಗದಲ್ಲಿ ನಿಮ್ಮ ಬಿಟ್‌ಕಾಯಿನ್ ವಿಳಾಸ ತುಂಬಿ ಉಳಿಸಿ, ಮರುಚಾಲನೆ ಮಾಡಿ. ಬೋರ್ಡ್ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುವುದರಿಂದ, ಜಾಲ ಸಿಗದಿದ್ದರೆ ಮೊದಲು ರೂಟರಿನಲ್ಲಿ ಇದನ್ನೇ ನೋಡಿ. ಒಂದೆರಡು ನಿಮಿಷದಲ್ಲಿ ಷೇರುಗಳು, ಅಂದರೆ ಯಂತ್ರವು ಪೂಲ್‌ಗೆ ಕಳಿಸುವ ಕೆಲಸದ ಪುರಾವೆಗಳು, ಸ್ವೀಕಾರವಾಗುತ್ತಿರುವುದು ಪರದೆಯ ಮೇಲೆ ಕಾಣಿಸಬೇಕು.

ನಂತರದ ಕೆಲಸವೆಲ್ಲ ಶಾಖದ್ದು. ಚಿಪ್ಪಿನ ಉಷ್ಣತೆ 60–65 ಡಿಗ್ರಿಯೊಳಗೆ ಇರುವಂತೆ ನೋಡಿಕೊಳ್ಳುವುದು ಒಳ್ಳೆಯದು. ಬೆಳಗಾವಿಯಲ್ಲಿ ವರ್ಷದ ಬಹುಭಾಗ ಇದು ಕಷ್ಟವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ವಿಜಯಪುರ, ಬಾಗಲಕೋಟೆಗಳಲ್ಲಿ, ಅದರಲ್ಲೂ ಆರ್‌ಸಿಸಿ ಚಾವಣಿಯ ಮೇಲಿನ ಕೋಣೆಯಲ್ಲಿ, ಮಧ್ಯಾಹ್ನ ಫ್ರೀಕ್ವೆನ್ಸಿ ತಗ್ಗಿಸದೆ ಉಪಾಯವಿಲ್ಲ. ಮಣ್ಣಿನ ಮಾಳಿಗೆಯ ಹಳೆಯ ಮನೆ ಇದ್ದವರು ಆ ತಂಪು ಕೋಣೆಯನ್ನೇ ಆರಿಸಿಕೊಳ್ಳಲಿ, ಆದರೆ ಮಾಳಿಗೆಯಿಂದ ಉದುರುವ ಮಣ್ಣಿಗೆ ಮೇಲೊಂದು ಮರೆ ಕಟ್ಟಬೇಕು. ಎರೆಹೊಲದ ಧೂಳು ಬಹಳ ನುಣುಪು. ಜೋಳದ ರಾಶಿಯ ದಿನಗಳಲ್ಲಿ ಹೊಟ್ಟು ಹಾರಿ ಹೀಟ್‌ಸಿಂಕಿನ ಸಂದುಗಳಲ್ಲಿ ಕೂರುತ್ತದೆ. ವಾರಕ್ಕೊಮ್ಮೆ ಕರೆಂಟ್ ತೆಗೆದು, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು, ಮೃದುವಾದ ಬ್ರಷ್‌ನಿಂದ ಒರೆಸಬೇಕು.

ಇಷ್ಟು ಓದಿದ ಮೇಲೂ ಹಳೆಯ ದೊಡ್ಡ ಯಂತ್ರವನ್ನು ಬಿಚ್ಚಿ ನೋಡಿ ಕಲಿಯಬೇಕೆಂಬವರು ಇರುತ್ತಾರೆ. ಅವರು ಎಸ್9 ಕೊಳ್ಳುವಾಗ ಯಂತ್ರ ಓಡುತ್ತಿರುವುದನ್ನು ಕನಿಷ್ಠ ಒಂದು ಗಂಟೆ ನೋಡಲಿ. ಮೈನಿಂಗ್ ಚಿಪ್ಪುಗಳಿರುವ ಮೂರೂ ಹ್ಯಾಶ್‌ಬೋರ್ಡುಗಳು ಪರದೆಯಲ್ಲಿ ಕಾಣಬೇಕು, ಫ್ಯಾನುಗಳ ವೇಗ ಬರಬೇಕು, ಹಾರ್ಡ್‌ವೇರ್ ದೋಷಗಳ ಸಂಖ್ಯೆ ಏರುತ್ತಲೇ ಹೋಗಬಾರದು. ಮನೆಗೆ ತಂದ ಮೇಲೆ ಒಳಗಿನ ತಂತ್ರಾಂಶವಾದ ಫರ್ಮ್‌ವೇರನ್ನು ಹೊಸದಾಗಿ ಹಾಕಿ, ಪಾಸ್‌ವರ್ಡ್ ಬದಲಿಸಿ, ಪೂಲ್ ಜಾಗದಲ್ಲಿ ಹಿಂದಿನವರ ವಿಳಾಸ ಉಳಿದಿದೆಯೇ ಎಂದು ಪರಿಶೀಲಿಸಬೇಕು. ಒಂದು ಹ್ಯಾಶ್‌ಬೋರ್ಡಿನ ಎಲ್ಲ ಕನೆಕ್ಟರುಗಳಿಗೂ ಒಂದೇ ಪವರ್ ಸಪ್ಲೈನಿಂದ ವಿದ್ಯುತ್ ಕೊಡಬೇಕು.

ವೈರಿಂಗ್‌ನಲ್ಲಿ ಯಾವ ರಿಯಾಯಿತಿಯೂ ಸಲ್ಲದು. 1,350 ವ್ಯಾಟ್ ಎಂದರೆ 230 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್, ಅದೂ ಹಗಲಿರುಳು ಬಿಡುವಿಲ್ಲದೆ. ಸಂಜೆ ಹಳ್ಳಿಗಳಲ್ಲಿ ವೋಲ್ಟೇಜ್ ಇಳಿದಾಗ ಯಂತ್ರ ಅಷ್ಟೇ ವ್ಯಾಟ್ ಪಡೆಯಲು ಇನ್ನೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಆದ್ದರಿಂದ 6 ಆಂಪಿಯರ್ ಸಾಕೆಟ್ ಮತ್ತು ಎಕ್ಸ್‌ಟೆನ್ಷನ್ ಬೋರ್ಡ್ ಕೂಡದು. ಮೇನ್ ಬೋರ್ಡಿನಿಂದ ಪ್ರತ್ಯೇಕವಾಗಿ ಎಳೆದ 4 ಚದರ ಮಿ.ಮೀ. ತಾಮ್ರದ ವೈರ್, 16 ಆಂಪಿಯರ್ ಸಾಕೆಟ್, ತನ್ನದೇ ಎಂಸಿಬಿ ಇರಬೇಕು. ಅರ್ಥಿಂಗ್ ಅನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಅಳೆಸಿ. ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿದಾಗ ಅರ್ಥಿಂಗ್ ಗುಂಡಿಯ ರೋಧ ಏರುವುದರಿಂದ ಆಗಾಗ ನೀರು ಹಾಕುತ್ತಿರಬೇಕು, ಅಡ್ಡಮಳೆಯ ಗುಡುಗು ಕೇಳಿದರೆ ಪ್ಲಗ್ ಕಿತ್ತಿಡಬೇಕು. ಯಂತ್ರದ ಸದ್ದು ಗೋಡೆಯಾಚೆಗೂ ಕೇಳುವಷ್ಟಿದ್ದು, ಮನೆಯಲ್ಲಿ ವಯಸ್ಸಾದವರು, ಓದುವ ಮಕ್ಕಳು ಇದ್ದರೆ ಈ ಯಂತ್ರ ಬೇಡವೇ ಬೇಡ.

ಹೊಲದ ಪಂಪ್‌ಸೆಟ್ ಲೈನಿನಿಂದ ಯಂತ್ರ ಓಡಿಸುವ ಯೋಚನೆ ಕೆಲವರಿಗೆ ಬರುತ್ತದೆ. ನೀರಾವರಿಗೆಂದು ಕೊಟ್ಟ ವಿದ್ಯುತ್ತನ್ನು ಬೇರೆ ಉದ್ದೇಶಕ್ಕೆ ಬಳಸುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಮಿನಂತೆ ಅನಧಿಕೃತ ಬಳಕೆಯಾಗಿದ್ದು, ಅನ್ವಯವಾಗುವ ದರದ ಎರಡು ಪಟ್ಟು ವಸೂಲಿಯಾಗುತ್ತದೆ. ರೈತರ ಪಾಲಿನ ಕರೆಂಟನ್ನು ಇದಕ್ಕೆ ಸುಡುವುದು ತಪ್ಪೂ ಹೌದು. ಸೋಲಾರ್ ಕೂಡ ಅಂದುಕೊಂಡಷ್ಟು ಸುಲಭವಲ್ಲ. ಚಾವಣಿಯ 3 ಕಿಲೋವ್ಯಾಟ್ ಸೋಲಾರ್ ಒಳ್ಳೆಯ ಬಿಸಿಲಿನಲ್ಲೂ ದಿನಕ್ಕೆ 12 ಯೂನಿಟ್ಟಿನ ಆಸುಪಾಸು ಕೊಡುತ್ತದೆ, ಎಸ್9 ಒಂದೇ 32 ಯೂನಿಟ್ ಕೇಳುತ್ತದೆ.

ಗ್ರಾಫಿಕ್ಸ್ ಕಾರ್ಡುಗಳ ಹಳೆಯ ರಿಗ್‌ಗಳನ್ನು ಕೊಳ್ಳಬೇಡಿ. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ಎಂಬ ಇನ್ನೊಂದು ಕ್ರಿಪ್ಟೋ ಜಾಲವು ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟ ಮೇಲೆ ಅವುಗಳ ಮುಖ್ಯ ಕೆಲಸ ಹೋಯಿತು. ಯಂತ್ರವನ್ನು ನಾವೇ ದೂರದಲ್ಲಿ ನಡೆಸಿ ತಿಂಗಳಿಗಿಷ್ಟು ಖಚಿತ ಲಾಭ ಕೊಡುತ್ತೇವೆ ಎನ್ನುವ ಕ್ಲೌಡ್ ಮೈನಿಂಗ್ ಯೋಜನೆಗಳಿಗೆ ಹಣ ಕೊಡಲೇಬೇಡಿ. ಮೇಲೆ ಮಾಡಿದ ಲೆಕ್ಕವನ್ನು ನೋಡಿದವರಿಗೆ ಇಂಥ ಖಚಿತ ಲಾಭ ಎಲ್ಲಿಂದಲೂ ಹುಟ್ಟುವುದಿಲ್ಲ ಎಂಬುದು ತಿಳಿದಿರುತ್ತದೆ.

ಕಡೆಯದಾಗಿ ಒಂದು ದಫ್ತರ ಇಡಿ. ಪೂಲ್‌ನಿಂದ ವ್ಯಾಲೆಟ್‌ಗೆ ಏನಾದರೂ ಬಂದ ದಿನಾಂಕ, ಎಷ್ಟು ಸತೋಶಿ, ಆ ದಿನದ ರೂಪಾಯಿ ಬೆಲೆ, ಮೀಟರಿನ ರೀಡಿಂಗ್, ಇಷ್ಟನ್ನು ಬರೆಯುತ್ತ ಹೋಗಬೇಕು. ಮಾರುವ ದಿನ ಬಂದಾಗ ಭಾರತದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿದ ಎಕ್ಸ್‌ಚೇಂಜ್‌ನಲ್ಲೇ ಮಾರಿ, ಅದು ಮುರಿದುಕೊಳ್ಳುವ ಶೇ. 1ರ ಟಿಡಿಎಸ್ ನಿಮ್ಮ ಪ್ಯಾನ್ ಖಾತೆಯಲ್ಲಿ ಜಮಾ ಆಗಿರುವುದನ್ನು ನೋಡಿ, ರಿಟರ್ನ್ ಸಲ್ಲಿಸುವ ಮೊದಲು ಈ ದಫ್ತರವನ್ನು ನಿಮ್ಮ ಲೆಕ್ಕಪರಿಶೋಧಕರ ಕೈಗೆ ಕೊಡಬೇಕು.