ಕರ್ಣ ಎಲ್ಲಿಗೆ ಹೋದ? ತಾಳಮದ್ದಲೆಯನ್ನು ಇಂಟರ್ನೆಟ್‌ಗೆ ಹತ್ತಿಸಿದ ಕಥೆ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಮುಖ್ಯರಸ್ತೆ ಬಿಟ್ಟು ಒಳಗೆ ಹೋದರೆ ನಮ್ಮೂರು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ಮಳೆ ಹಿಡಿದುಕೊಂಡಿತು ಅಂದರೆ ಇಲ್ಲಿ ತಾಳಮದ್ದಲೆಯ ಕಾಲ. ವೇಷ ಇಲ್ಲ, ಕುಣಿತ ಇಲ್ಲ. ಹಾಡುವ ಭಾಗವತರು, ಮದ್ದಲೆ, ಚೆಂಡೆ, ಎದುರುಬದುರು ಕೂತು ಪಾತ್ರಗಳ ಮಾತಾಡುವ ಅರ್ಥಧಾರಿಗಳು. ಎಲ್ಲವೂ ಕಿವಿಗೇ.

ನಮ್ಮ ದೊಡ್ಡಪ್ಪ ಒಂದು ಕಾಲದಲ್ಲಿ ಅರ್ಥ ಹೇಳುತ್ತಿದ್ದವರು. ಈಗ ಮೊಣಕಾಲು ಕೇಳುವುದಿಲ್ಲ. ಮನೆ ಗುಡ್ಡದ ಮೇಲೆ, ಸಭಾಭವನ ಕೆಳಗೆ, ನಡುವೆ ಪಾಚಿ ಹಿಡಿದ ಮೆಟ್ಟಿಲು. ಒಂದು ಮಳೆಗಾಲ ಪೂರ್ತಿ ಅವರು ಮನೆಯಲ್ಲೇ ಕೂತರು. ಅವರಿಗೆ ಕೇಳಿಸಬೇಕು ಅಂತ ನಾನು ಈ ಕೆಲಸಕ್ಕೆ ಕೈ ಹಾಕಿದೆ. ಫೋನ್ ಹಚ್ಚಿ ಮೈಕಿನ ಮುಂದೆ ಇಟ್ಟರೆ ಆಗುವುದಿಲ್ಲವಾ ಅಂತ ಕೇಳಿದವರಿದ್ದಾರೆ. ಇಟ್ಟು ನೋಡಿದ್ದೇನೆ. ಫೋನ್ ಕರೆಯಲ್ಲಿ ಚೆಂಡೆ ಡಬ್ಬಿ ಬಡಿದ ಹಾಗೆ ಕೇಳುತ್ತದೆ, ಜಾಗಟೆ ಕೇಳುವುದೇ ಇಲ್ಲ. ವಿಡಿಯೋ ಲೈವ್ ಮಾಡೋಣ ಅಂದರೆ ನಮ್ಮ ಇಂಟರ್ನೆಟ್ ಸಾಲಿನಲ್ಲಿ ಅಷ್ಟು ಅಪ್‌ಲೋಡ್ ಮಳೆಗಾಲದಲ್ಲಿ ನಿಲ್ಲುವುದಿಲ್ಲ. ಧ್ವನಿ ಮಾತ್ರ ಆದರೆ 64 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 64 ಕಿಲೋಬಿಟ್, ಸಾಕು. ಗಂಟೆಗೆ 29 ಎಂಬಿ ಹತ್ತಿರ, ಐದು ಗಂಟೆಯ ಪ್ರಸಂಗಕ್ಕೆ 150 ಎಂಬಿ ಒಳಗೇ. ಕೇಳುವವರ ಡೇಟಾ ಪ್ಯಾಕ್‌ಗೂ ಹೊರೆಯಲ್ಲ.

ಹಾಕಿದ್ದು ಎರಡು ಸಾಫ್ಟ್‌ವೇರ್. ಎರಡೂ ಓಪನ್ ಸೋರ್ಸ್. ಒಂದು ಐಸ್‌ಕಾಸ್ಟ್, ಕ್ಸಿಫ್ ಸಂಸ್ಥೆಯದು. ಇದು ಹಂಚುವವನು: ಒಂದು ಕಡೆಯಿಂದ ಧ್ವನಿ ತಗೊಂಡು ಕೇಳಿದವರಿಗೆಲ್ಲ ಕೊಡುತ್ತದೆ. ತಾನಾಗಿ ಏನನ್ನೂ ಬದಲಾಯಿಸುವುದಿಲ್ಲ, ಎಂಪಿ3 ಕೊಟ್ಟರೆ ಎಂಪಿ3ಯೇ ಹೋಗುತ್ತದೆ. ಇನ್ನೊಂದು ಲಿಕ್ವಿಡ್‌ಸೋಪ್. ಇದು ಸಭಾಭವನದ ಲ್ಯಾಪ್‌ಟಾಪ್‌ನಲ್ಲಿ ಕೂತು ಸೌಂಡ್ ಕಾರ್ಡಿನಿಂದ ಧ್ವನಿ ಹಿಡಿದು, ಕುಗ್ಗಿಸಿ, ಐಸ್‌ಕಾಸ್ಟ್‌ಗೆ ಕಳಿಸುತ್ತದೆ. ಹೇಗೆ ನಡೆಯಬೇಕು ಅಂತ ಹತ್ತಿಪ್ಪತ್ತು ಸಾಲಿನ ಸ್ಕ್ರಿಪ್ಟ್ ಬರೆದುಕೊಡಬೇಕು. ಅಷ್ಟೆಲ್ಲ ಬೇಡ ಅನ್ನುವವರಿಗೆ ಬಟ್ ಅಂತ ಇನ್ನೊಂದಿದೆ. ಅದರಲ್ಲಿ ಗುಂಡಿ ಒತ್ತಿದರೆ ಪ್ರಸಾರ ಶುರು. ನಾನು ಲಿಕ್ವಿಡ್‌ಸೋಪ್ ಹಿಡಿದದ್ದು ಅದರ ಜಾಣತನ ನೋಡಿ. ಆ ಜಾಣತನವೇ ಆಮೇಲೆ ನನ್ನ ಮಾನ ಕಳೆಯಿತು, ಹೇಳುತ್ತೇನೆ.

ಐಸ್‌ಕಾಸ್ಟ್ ಹಾಕುವಾಗ ಒಂದು ಎಚ್ಚರ. ಜೊತೆಗೆ ಬರುವ ಮಾದರಿ ಕಾನ್ಫಿಗ್ ಫೈಲಿನಲ್ಲಿ (ಸೆಟ್ಟಿಂಗ್‌ಗಳನ್ನು ಬರೆದಿಡುವ ಫೈಲು) ಪಾಸ್‌ವರ್ಡ್ 'ಹ್ಯಾಕ್‌ಮಿ' ಅಂತಲೇ ಇರುತ್ತದೆ. ಬರೆದವರು ತಮಾಷೆಗೆ ಬರೆದಿರಬಹುದು, ಆದರೆ ಹಾಗೇ ಬಿಟ್ಟರೆ ನಿಮ್ಮ ಪ್ರಸಾರದಲ್ಲಿ ಯಾರ ಹಾಡು ಬೇಕಾದರೂ ಬರುತ್ತದೆ.

ಮೊದಲು ಐಸ್‌ಕಾಸ್ಟನ್ನು ಮನೆಯ ಫೈಬರ್ ಸಂಪರ್ಕದಲ್ಲೇ ಓಡಿಸಲು ಹೋದೆ. ಹೊರಗಿನವರು ಐಸ್‌ಕಾಸ್ಟ್‌ಗೆ ಬರುವ ಬಾಗಿಲು ಅಂತ ರೂಟರ್‌ನಲ್ಲಿ 8000ನೇ ಪೋರ್ಟ್ ತೆರೆದೆ. ಮನೆಯೊಳಗೆ ಚೆನ್ನಾಗಿ ಕೇಳುತ್ತಿತ್ತು, ಹೊರಗಿನಿಂದ ಸುದ್ದಿಯೇ ಇಲ್ಲ. ಎರಡು ರಾತ್ರಿ ಕಾನ್ಫಿಗ್ ಫೈಲನ್ನೇ ಬೈದೆ. ತಪ್ಪು ಅಲ್ಲಿರಲಿಲ್ಲ. ರೂಟರ್ ಒಳಗೆ ಹೋಗಿ ಹೊರಗಿನ ಐಪಿ ವಿಳಾಸ ನೋಡಿದರೆ ಅದು 100.64ರಿಂದ 100.127ರ ನಡುವಿನದು. ಹಾಗಿದ್ದರೆ ಕಂಪನಿ ಒಂದೇ ವಿಳಾಸವನ್ನು ಹಲವು ಮನೆಗೆ ಹಂಚಿದೆ ಅಂತ ಅರ್ಥ. ನಿಮ್ಮ ಮನೆ ಬಾಗಿಲು ನೀವೆಷ್ಟು ತೆಗೆದರೂ ಬೀದಿ ಗೇಟಿನ ಬೀಗ ಅವರ ಕೈಲಿ. ಕೊನೆಗೆ ತಿಂಗಳ ಬಾಡಿಗೆಗೆ ಒಂದು ಚಿಕ್ಕ ಸರ್ವರ್ ತಗೊಂಡೆ, ಐಸ್‌ಕಾಸ್ಟ್ ಅಲ್ಲಿಗೆ ಹೋಯಿತು. ಇದರಿಂದ ಲಾಭವೇ ಆಯಿತು. ಊರಿನಿಂದ ಒಂದೇ ಒಂದು 64 ಕೆಬಿಪಿಎಸ್ ಧಾರೆ ಹೋದರೆ ಸಾಕು. ನಲವತ್ತು ಜನ ಕೇಳಿದರೆ ಬೇಕಾಗುವ ಎರಡೂವರೆ ಎಂಬಿಪಿಎಸ್ ಆ ಸರ್ವರ್‌ನ ತಲೆನೋವು, ನಮ್ಮ ಸಾಲಿನದ್ದಲ್ಲ.

ಸೌಂಡ್ ಕಾರ್ಡ್ ವಿಷಯದಲ್ಲಿ ದುಡ್ಡು ಉಳಿಸಲು ಹೋಗಿ ಕೆಟ್ಟೆ. ಶಿವಮೊಗ್ಗದಲ್ಲಿ ಸಿಕ್ಕ ಅಗ್ಗದ ಯುಎಸ್‌ಬಿ ಕಾರ್ಡಿಗೆ ಇದ್ದದ್ದು ಮೈಕಿನ ತೂತು ಮಾತ್ರ. ಮೈಕುಗಳನ್ನೆಲ್ಲ ಒಟ್ಟು ಮಾಡುವ ಮಿಕ್ಸರ್‌ನಿಂದ ಬರುವುದು ಲೈನ್ ಮಟ್ಟದ ಸಿಗ್ನಲ್, ಮೈಕಿನದ್ದಕ್ಕಿಂತ ಎಷ್ಟೋ ಪಟ್ಟು ಜೋರು. ಭಾಗವತರು ಏರುಶ್ರುತಿಗೆ ಹೋದರೆ ಸಾಕು, ಹರಿದ ಸ್ಪೀಕರ್ ಹಾಗೆ ಗೊರಗೊರ. ಲ್ಯಾಪ್‌ಟಾಪ್‌ನಲ್ಲಿ ವಾಲ್ಯೂಮ್ ಇಳಿಸಿದರೆ ಗೊರಗೊರವೇ ಸಣ್ಣಗೆ ಕೇಳುತ್ತದೆ, ಅಷ್ಟೇ. ಒಳಗೆ ಬರುವಾಗಲೇ ಹರಿದದ್ದನ್ನು ಆಮೇಲೆ ಹೊಲಿಯಲಾಗುವುದಿಲ್ಲ. ಲೈನ್ ಇನ್ ಇರುವ ಕಾರ್ಡ್ ತಂದೆ. ಅತಿ ಜೋರಿನ ಪೆಟ್ಟು ಮೈನಸ್ 12 ಡಿಬಿ ಹತ್ತಿರ ನಿಲ್ಲುವಂತೆ ಮಟ್ಟ ಇಟ್ಟೆ; ಈ ಲೆಕ್ಕದಲ್ಲಿ ಸೊನ್ನೆ ದಾಟಿದರೆ ಧ್ವನಿ ಹರಿಯುತ್ತದೆ.

ಇನ್ನೊಂದು ಚಿಕ್ಕ ಕಿರಿಕಿರಿ. ಲ್ಯಾಪ್‌ಟಾಪ್ ಆರಿಸಿ ಹಚ್ಚಿದಾಗ ಅದರಲ್ಲಿರುವ ಲಿನಕ್ಸ್ ಸೌಂಡ್ ಕಾರ್ಡುಗಳ ಸಂಖ್ಯೆಯನ್ನು ಅದಲುಬದಲು ಮಾಡುತ್ತದೆ. ನಿನ್ನೆ 1 ಆಗಿದ್ದದ್ದು ಇವತ್ತು 0. ಸ್ಕ್ರಿಪ್ಟ್‌ನಲ್ಲಿ ಸಂಖ್ಯೆ ಬರೆದರೆ ಒಂದು ದಿನ ಸುಮ್ನೆ ನಿಶ್ಶಬ್ದ ಪ್ರಸಾರವಾಗುತ್ತದೆ. 'ಎರೆಕಾರ್ಡ್ -ಎಲ್' (arecord -l) ಅಂತ ಹೊಡೆದು ಕಾರ್ಡಿನ ಹೆಸರು ನೋಡಿಕೊಂಡು ಆ ಹೆಸರನ್ನೇ ಬರೆಯಿರಿ.

ಮೊದಲ ಪ್ರಸಾರದ ದಿನ ನಾನು ಮಿಕ್ಸರ್ ಪಕ್ಕದಲ್ಲೇ ಕೂತು ಬೀಗುತ್ತಿದ್ದೆ. ಸಭೆಯಲ್ಲಿ ಎಲ್ಲ ಚೆನ್ನಾಗಿ ಕೇಳುತ್ತಿದೆಯಲ್ಲ. ಅರ್ಧ ಗಂಟೆಗೆ ದೊಡ್ಡಪ್ಪನ ಫೋನ್. "ಚೆಂಡೆಯವರು ಬಂದಿಲ್ಲವೇನೋ?"

ಬಂದಿದ್ದರು. ನನ್ನಿಂದ ಆರಡಿ ದೂರದಲ್ಲಿ ನನ್ನ ಕಿವಿ ಕಿವುಡಾಗುವ ಹಾಗೆ ಬಾರಿಸುತ್ತಿದ್ದರು. ಆದರೆ ನಮ್ಮಲ್ಲಿ ಚೆಂಡೆಗೆ ಯಾರೂ ಮೈಕ್ ಇಡುವುದಿಲ್ಲ, ಸಭೆಗೆ ಅದು ಹಾಗೇ ಜಾಸ್ತಿ. ಮಿಕ್ಸರ್‌ನಿಂದ ಹೋಗುವುದು ಮೈಕಿಗೆ ಬಿದ್ದದ್ದು ಮಾತ್ರ. ಭಾಗವತರ ಮೈಕಿನೊಳಗೆ ದೂರದಿಂದ ನುಸುಳಿದ ಚೆಂಡೆಯಷ್ಟೇ ಗುಡ್ಡ ಹತ್ತಿತ್ತು. ಮುಂದಿನ ವಾರ ಮೈಕ್‌ಸೆಟ್‌ನವರಿಗೆ ಹೇಳಿ ಚೆಂಡೆಗೊಂದು ಮೈಕ್ ಇಡಿಸಿದೆ. ಅದು ಸಭೆಯ ಸ್ಪೀಕರ್‌ಗೆ ಹೋಗಬಾರದು, ಪ್ರಸಾರಕ್ಕೆ ಮಾತ್ರ ಹೋಗಬೇಕು. ಅದಕ್ಕೆ ಮಿಕ್ಸರ್‌ನಲ್ಲಿ ಆಕ್ಸ್ ಅಂತ ಬೇರೆ ದಾರಿ ಇರುತ್ತದೆ. ಮೇನ್ ಔಟ್ ಬಿಟ್ಟು ಆಕ್ಸ್‌ನಿಂದ ವೈರ್ ಎಳೆದುಕೊಂಡೆ. ಮೈಕ್‌ಸೆಟ್‌ನವರು ಸಭೆಗೆ ಬೇಕಾದಂತೆ ಏರಿಸಿ ಇಳಿಸಿದರೂ ನಮ್ಮ ಪ್ರಸಾರ ಅಲ್ಲಾಡುವುದಿಲ್ಲ. ಆಕ್ಸನ್ನು ಪ್ರೀ-ಫೇಡರ್ ಮಾಡಿಸಿಕೊಳ್ಳಬೇಕು, ಅಂದರೆ ಸಭೆಗೆ ಏರಿಸಿ ಇಳಿಸುವ ಗುಂಡಿಗಿಂತ ಮೊದಲೇ ಧ್ವನಿ ತಗೊಳ್ಳಬೇಕು, ಅದೊಂದು ನೆನಪಿರಲಿ.

ಆಮೇಲೆ ಗುಂಯ್ ಸದ್ದು. ಕರೆಂಟಿನ 50 ಹರ್ಟ್ಜ್. ಮಿಕ್ಸರ್ ಒಂದು ಪ್ಲಗ್ಗಿನಲ್ಲಿ, ಲ್ಯಾಪ್‌ಟಾಪ್ ಚಾರ್ಜರ್ ಇನ್ನೊಂದರಲ್ಲಿ, ಎರಡರ ಅರ್ತ್ ನಡುವೆ ಆಡಿಯೋ ವೈರೇ ಸೇತುವೆ. ನಾನು ಬುದ್ಧಿವಂತಿಕೆ ಮಾಡಿ ಲಿಕ್ವಿಡ್‌ಸೋಪ್‌ನಲ್ಲೇ 150 ಹರ್ಟ್ಜ್ ಕೆಳಗಿನದ್ದನ್ನೆಲ್ಲ ಸೋಸಿ ತೆಗೆದೆ. ಗುಂಯ್ ಹೋಯಿತು. ದೊಡ್ಡಪ್ಪನ ಫೋನ್ ಬಂತು: "ಮದ್ದಲೆಯವರಿಗೆ ಎಡಗೈ ನೋವೇನೋ? ಘುಂಕಾರವೇ ಇಲ್ಲವಲ್ಲ ಮಾರಾಯ." ಕರೆಂಟಿನ ಜೊತೆ ಮದ್ದಲೆಯ ಎಡವನ್ನೂ ಸೋಸಿ ಬಿಸಾಡಿದ್ದೆ. ಚಾರ್ಜರ್ ಕಿತ್ತು ನೋಡಿದರೆ ಗುಂಯ್ ತಾನಾಗೇ ನಿಂತಿತು. ರೋಗ ಎಲ್ಲಿ ಅಂತ ಗೊತ್ತಾದ ಮೇಲೆ ವೈರಿನ ನಡುವೆ ಆ ಅರ್ತ್ ಸೇತುವೆ ಮುರಿಯುವ ಗ್ರೌಂಡ್ ಲೂಪ್ ಐಸೋಲೇಟರ್ ಅನ್ನುವ ಪುಟ್ಟ ಡಬ್ಬಿ ಸೇರಿಸಿದೆ, ಸೋಸುವ ಸಾಲನ್ನು ಅಳಿಸಿದೆ.

ಇಷ್ಟಾದ ಮೇಲೆ ಒಂದು ನಿಯಮ ಮಾಡಿಕೊಂಡೆ. ಸಭಾಭವನದಲ್ಲಿ ಕೂತು ಪ್ರಸಾರ ಪರೀಕ್ಷೆ ಮಾಡುವುದಿಲ್ಲ. ಹೆಡ್‌ಫೋನ್ ಹಾಕಿದರೂ ಚೆಂಡೆ ಎಲುಬಿನ ಮೂಲಕವೇ ಒಳಗೆ ಬರುತ್ತದೆ. ಶುರುವಿನ ಸ್ತುತಿ ಪದ್ಯದ ಹೊತ್ತಿಗೆ ಕೊಡೆ ಹಿಡಿದು ಹೊರಗೆ ಹೋಗಿ, ಜೀಪಿನಲ್ಲಿ ಗಾಜು ಏರಿಸಿ ಕೂತು ಮೊಬೈಲ್ ಡೇಟಾದಲ್ಲಿ ಕೇಳುತ್ತೇನೆ.

ಈಗ ಮಾನ ಹೋದ ಕಥೆ. ವೈರ್ ಕಿತ್ತುಹೋದರೆ ಕೇಳುವವರಿಗೆ ಬರೀ ಮೌನ ಸಿಗಬಾರದು ಅಂತ ಲಿಕ್ವಿಡ್‌ಸೋಪ್‌ಗೆ ಹೇಳಿಟ್ಟಿದ್ದೆ: ಧ್ವನಿ ನಿಂತರೆ ಹಳೆಯ ಭಾಗವತಿಕೆಯ ರೆಕಾರ್ಡಿಂಗ್ ಹಚ್ಚು. 'ಬ್ಲ್ಯಾಂಕ್.ಸ್ಟ್ರಿಪ್' ಅಂತ ಅದರ ಹೆಸರು. ತಾನಾಗಿ ಇರುವ ಲೆಕ್ಕ ಹೀಗೆ: ಮೈನಸ್ 40 ಡಿಬಿಗಿಂತ ಕೆಳಗೆ 20 ಸೆಕೆಂಡ್ ಇದ್ದರೆ ಮೌನ. ನನಗೆ 20 ಜಾಸ್ತಿ ಅನ್ನಿಸಿ 8 ಮಾಡಿದೆ.

ಆ ದಿನ ಕೃಷ್ಣ ಬಂದು ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಭಾಗ. ಕರ್ಣನ ಅರ್ಥ ಹೇಳುತ್ತಿದ್ದವರು ಮೈಕಿನಿಂದ ಸ್ವಲ್ಪ ಹಿಂದೆ ಸರಿದು ಕೂತರು. ತಲೆ ತಗ್ಗಿಸಿದರು. ಏನೂ ಹೇಳಲಿಲ್ಲ. ಸಭೆಯಲ್ಲಿ ಕೆಮ್ಮು ಕೂಡ ಇಲ್ಲ, ಹೆಂಚಿನ ಮೇಲೆ ಮಳೆ ಮಾತ್ರ. ಆಮೇಲೆ ತಮಗೆ ತಾವೇ ಹೇಳಿಕೊಂಡ ಹಾಗೆ, ತೀರಾ ಸಣ್ಣ ದನಿಯಲ್ಲಿ, "ಅಮ್ಮ…" ಅಂದರು. ನನ್ನ ಕಣ್ಣೂ ಒದ್ದೆಯಾಗಿತ್ತು. ಜೇಬಿನಲ್ಲಿ ಫೋನ್ ನಡುಗಿತು. ದೊಡ್ಡಪ್ಪ ಗುಡುಗುತ್ತಿದ್ದರು. "ಕರ್ಣ ಎಲ್ಲಿಗೆ ಹೋದನೋ? ಗಣಪತಿ ಸ್ತುತಿ ಬರ್ತಾ ಉಂಟು ಇಲ್ಲಿ!"

ನನ್ನ ಸ್ಕ್ರಿಪ್ಟ್ ಕರ್ಣನ ದುಃಖವನ್ನು ವೈರ್ ಕಿತ್ತದ್ದು ಅಂತ ತಿಳಿದಿತ್ತು. ತಾಳಮದ್ದಲೆಯಲ್ಲಿ ಮೌನವೂ ಅರ್ಥವೇ ಅಂತ ಅದಕ್ಕೇನು ಗೊತ್ತು? ಗೊತ್ತಿರಬೇಕಾದದ್ದು ನನಗೆ. ಈಗ ಮಿತಿಯನ್ನು ಮೈನಸ್ 60ಕ್ಕೆ ಇಳಿಸಿ ಸಮಯವನ್ನು 90 ಸೆಕೆಂಡ್ ಮಾಡಿದ್ದೇನೆ. ಮೈಕ್ ತೆರೆದಿದ್ದರೆ ಮಳೆಯ ಸದ್ದೇ ಆ ಮಿತಿಯನ್ನು ದಾಟುತ್ತದೆ. ನಿಜವಾಗಿ ವೈರ್ ಕಿತ್ತಾಗ ಮಾತ್ರ ರೆಕಾರ್ಡಿಂಗ್ ಬರುತ್ತದೆ. ಆ ಅರ್ಥಧಾರಿಗಳಿಗೆ ಮರುದಿನ ಹೇಳಿ ಕ್ಷಮೆ ಕೇಳಿದೆ. ಅವರು ನಕ್ಕರು. ಕಲಾವಿದರನ್ನು ಮೊದಲೇ ಕೇಳಿಯೇ ಪ್ರಸಾರ ಮಾಡುತ್ತೇನೆ, ಬೇಡ ಅಂದವರ ಪಾಳಿಯಲ್ಲಿ ನಿಲ್ಲಿಸುತ್ತೇನೆ.

ಐಫೋನ್ ಇರುವವರದ್ದು ಬೇರೆ ರಾಮಾಯಣ. ನಾನು ಮೊದಲು ಕೊಟ್ಟದ್ದು ಆಗ್ ಅನ್ನುವ ಫೈಲ್ ಡಬ್ಬಿಯಲ್ಲಿ ಓಪಸ್. 2012ರಲ್ಲಿ ಬಂದ ಈ ಕೋಡೆಕ್ (ಧ್ವನಿ ಕುಗ್ಗಿಸುವ ವಿಧಾನ) 32 ಕೆಬಿಪಿಎಸ್‌ನಲ್ಲೂ ಮಾತನ್ನು ತುಂಬಾ ಸ್ಪಷ್ಟವಾಗಿ ಕೊಡುತ್ತದೆ. ಆದರೆ ಹಲವು ಐಫೋನ್‌ಗಳಲ್ಲಿ ಉಸಿರೇ ಇಲ್ಲ. ಸುಮ್ನೆ ವಾದ ಬೇಡ ಅಂತ 64 ಕೆಬಿಪಿಎಸ್ ಮೋನೋ ಎಂಪಿ3ಯನ್ನು ಇನ್ನೊಂದು ಮೌಂಟ್‌ನಲ್ಲಿ, ಅಂದರೆ ಅದೇ ಐಸ್‌ಕಾಸ್ಟ್‌ನ ಬೇರೆ ವಿಳಾಸದಲ್ಲಿ, ಇಟ್ಟೆ. ಸಿಗ್ನಲ್ ಕಮ್ಮಿ ಇದ್ದವರಿಗೆ ಓಪಸ್, ಉಳಿದವರಿಗೆ ಎಂಪಿ3. ಲಿಂಕನ್ನು ಎಚ್‌ಟಿಟಿಪಿಎಸ್ ಪುಟದಲ್ಲಿಟ್ಟು ಧ್ವನಿಯನ್ನು ಬರೀ ಎಚ್‌ಟಿಟಿಪಿಯಲ್ಲಿ ಕೊಟ್ಟರೆ ಬ್ರೌಸರ್ ಆಡಿಸುವುದಿಲ್ಲ, ಐಸ್‌ಕಾಸ್ಟ್ ಮುಂದೆ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಕೂರಿಸಿ, ಲೆಟ್ಸ್ ಎನ್‌ಕ್ರಿಪ್ಟ್‌ನವರು ಪುಕ್ಕಟೆ ಕೊಡುವ ಪ್ರಮಾಣಪತ್ರ ಹಾಕಿಕೊಳ್ಳಬೇಕು.

ಮಲೆನಾಡಿನಲ್ಲಿ ಇದೆಲ್ಲಕ್ಕಿಂತ ದೊಡ್ಡ ವಿಷಯ ಕರೆಂಟು. ಹಳೇ ಲ್ಯಾಪ್‌ಟಾಪೇ ಒಳ್ಳೆಯದು, ಬ್ಯಾಟರಿ ಅದರೊಳಗೇ ಇದೆ. ರೂಟರ್‌ಗೂ ಫೈಬರ್ ಡಬ್ಬಿಗೂ 12 ವೋಲ್ಟಿನ ಚಿಕ್ಕ ಯುಪಿಎಸ್ ಇಟ್ಟಿದ್ದೇನೆ. ಗುಡುಗು ಮಿಂಚಿಗೆ ಚಾರ್ಜರ್ ಕಿತ್ತೇ ಇಡುತ್ತೇನೆ. ಒಮ್ಮೆ ಯಾರೋ ಕಾಫಿ ಲೋಟ ಇಡಲು ಜಾಗ ಬೇಕು ಅಂತ ಲ್ಯಾಪ್‌ಟಾಪ್ ಮುಚ್ಚಿ ಅದರ ಮೇಲೆ ಲೋಟ ಇಟ್ಟರು. ಲ್ಯಾಪ್‌ಟಾಪ್ ಮಲಗಿತು, ಪ್ರಸಾರವೂ ಮಲಗಿತು. ಮುಚ್ಚಿದರೂ ಮಲಗಬಾರದು ಅಂತ ಲಿನಕ್ಸ್‌ನ ಒಳಗಿನ ಮೇಸ್ತ್ರಿ ಸಿಸ್ಟಮ್‌ಡಿಗೆ ಹೇಳಬಹುದು, ಆ ರಾತ್ರಿಯೇ ಹೇಳಿದೆ.

ಅಡಿಕೆ ಮರ ಬಿದ್ದು ಫೈಬರ್ ತುಂಡಾದ ದಿನ ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಾಯಿಸಿದೆ. ಆದರೆ ಐಸ್‌ಕಾಸ್ಟ್ ಒಳಗೆ ಬಿಡಲೊಲ್ಲದು. ಲಾಗ್‌ನಲ್ಲಿ 'ಮೌಂಟ್‌ಪಾಯಿಂಟ್ ಇನ್ ಯೂಸ್' ಅಂತ ಬರುತ್ತಿತ್ತು. ಸತ್ತುಹೋದ ಹಳೇ ಸಂಪರ್ಕ ಇನ್ನೂ ಬದುಕಿದೆ ಅಂತ ಅದು ನಂಬಿಕೊಂಡು ಕೂತಿತ್ತು. ಎಷ್ಟು ಹೊತ್ತು ನಂಬಬೇಕು ಅನ್ನುವುದೇ ಸೋರ್ಸ್ ಟೈಮ್‌ಔಟ್. ಮೊದಲಿಗೆ 10 ಸೆಕೆಂಡ್ ಇರುತ್ತದೆ. ನಮ್ಮ ಸಾಲು ಆಗಾಗ ತಡವರಿಸುತ್ತದೆ ಅಂತ ನಾನೇ ಹಿಂದೆ ಅದನ್ನು 120 ಮಾಡಿ ಮರೆತಿದ್ದೆ. ಎರಡು ನಿಮಿಷ ನನ್ನ ಮನೆಯ ಹೊರಗೆ ನಾನೇ ನಿಂತಿದ್ದೆ. ಈಗ ಮತ್ತೆ 10.

ಕೊನೆಗೆ ಉಳಿದದ್ದು ತಡ. ಹೊಸಬರು ಬಂದ ಕೂಡಲೇ ಕೇಳಲಿ ಅಂತ ಐಸ್‌ಕಾಸ್ಟ್ ಹಳೆಯ ಸುಮಾರು 64 ಕಿಲೋಬೈಟನ್ನು ಒಟ್ಟಿಗೆ ಕೊಡುತ್ತದೆ. ಇದು ಬರ್ಸ್ಟ್. 64 ಕೆಬಿಪಿಎಸ್ ಧಾರೆಯಲ್ಲಿ ಅಂದರೆ 8 ಸೆಕೆಂಡ್ ಹಳೆಯದು, 32ರ ಓಪಸ್‌ನಲ್ಲಿ 16. ಬೆಂಗಳೂರಿನಲ್ಲಿ ಕೇಳುವವರಿಗೆ ಇದರಿಂದ ಏನೂ ತೊಂದರೆ ಇಲ್ಲ, ಬಸ್ಸಿನಲ್ಲಿ ಸಿಗ್ನಲ್ ಹೋದರೂ ಆ ಹಳೇ ದಾಸ್ತಾನೇ ಕಾಪಾಡುತ್ತದೆ. ದೊಡ್ಡಪ್ಪನಿಗೆ ಮಾತ್ರ ತೊಂದರೆ. ಮಳೆ ಹೊಳವಾದಾಗ ಕೆಳಗಿನ ಚೆಂಡೆ ಅವರ ಕಿಟಕಿಗೇ ಕೇಳುತ್ತದೆ. ಹತ್ತು ಹನ್ನೆರಡು ಸೆಕೆಂಡ್ ಆದ ಮೇಲೆ ಅದೇ ಪೆಟ್ಟು ಸ್ಪೀಕರ್‌ನಲ್ಲಿ ಬರುತ್ತದೆ.

"ಒಂದೇ ಪೆಟ್ಟನ್ನು ಎರಡು ಸಲ ಕೇಳಿಸ್ತೀಯಲ್ಲ," ಅಂದರು.

ಮೌಂಟ್ ಒಂದೊಂದಕ್ಕೂ ಬೇರೆ ಬೇರೆ ಬರ್ಸ್ಟ್ ಇಡಬಹುದು. ಅವರಿಗೇ ಅಂತ ಮೂರನೇ ಮೌಂಟ್ ಮಾಡಿ ಬರ್ಸ್ಟನ್ನು 16 ಕಿಲೋಬೈಟಿಗೆ ಇಳಿಸಿದೆ. ತಡ ಅರ್ಧದಷ್ಟಾಯಿತು. ಖುಷಿಯಿಂದ ಫೋನ್ ಮಾಡಿ ಕೇಳಿದರೆ, ಈಗ ಇನ್ನೂ ಕಷ್ಟ, ಒಂದು ಪೆಟ್ಟಿನ ನೆನಪು ಹೋಗುವುದರೊಳಗೆ ಇನ್ನೊಂದು ಬರುತ್ತದೆ ಅಂದರು. ಇದಕ್ಕಿಂತ ಕಮ್ಮಿ ಮಾಡಲು ನನಗೆ ಬರುವುದಿಲ್ಲ ಅಂತ ಒಪ್ಪಿಕೊಂಡೆ.

"ಹೋಗ್ಲಿ ಬಿಡು," ಅಂದವರೇ ದೊಡ್ಡಮ್ಮನನ್ನು ಕೂಗಿ ಕಿಟಕಿ ಹಾಕಿಸಿದರು.